ಎಬ್ಬಿಸಿದವಳು

ರಾನ್ ಸುಜೆನ್ ಮದುವೆಯಾಗಿ ಲೆಂಗ್‌ಶುಯಿ ಹಳ್ಳಿಗೆ ಬಂದಾಗ ಅವಳಿಗೆ ಇಪ್ಪತ್ತು. ವೂಮೆಂಗ್ ಬೆಟ್ಟಗಳ ಆ ಮಗ್ಗುಲಲ್ಲಿ ಗದ್ದೆಗಳಿಲ್ಲ. ಬಂಡೆಗಳ ಸಂದಿನಲ್ಲಿ ಸಿಕ್ಕಷ್ಟು ಮಣ್ಣಿಗೆ ಮೆಕ್ಕೆಜೋಳ, ಆಲೂಗಡ್ಡೆ, ಸೋಯಾ ಹಾಕುತ್ತಾರೆ. ಸಂಬಂಧ ತಂದ ಹೆಂಗಸಿಗೆ ಹೊಗಳಲು ಬೇರೇನೂ ಇರಲಿಲ್ಲ, ನೀರನ್ನೇ ಹೊಗಳಿದ್ದಳು. "ಹುಡುಗನ ಮನೆ ಹಿಂದೇನೇ ಒರತೆ ಕಣೆ, ಯಾವ ಬೇಸಿಗೇಲೂ ಬತ್ತಲ್ಲ. ಬೇರೆ ಊರಿನ ಸೊಸೆಯರೆಲ್ಲ ನೀರು ಹೊತ್ತೂ ಹೊತ್ತೂ ಭುಜ ಸೊಟ್ಟ ಮಾಡ್ಕೊಂಡಿದಾರೆ. ನೀನು ನೆಟ್ಟಗಿರ್ತೀಯ."

ಅದು ಸುಳ್ಳಾಗಿರಲಿಲ್ಲ. ಮನೆಯ ಹಿಂದೆ ಮೂವತ್ತು ಹೆಜ್ಜೆ ನಡೆದರೆ ಬಂಡೆಯ ಬುಡದಿಂದ ನೀರು ಸದ್ದಿಲ್ಲದೆ ಉಕ್ಕುತ್ತಿತ್ತು. ಅತ್ತೆ ಆ ನೀರಿನಲ್ಲೇ ಅವಳಿಗೆ ತೋಫು ಮಾಡುವುದನ್ನು ಕಲಿಸಿದಳು. ನೆನೆದ ಸೋಯಾ ಬೀಸಿ, ಹಾಲು ಕಾಯಿಸಿ, ಹಿಂದಿನ ದಿನದ ಹುಳಿನೀರನ್ನು ಚಮಚ ಚಮಚವಾಗಿ ಬಿಟ್ಟು ಒಡೆಸುವುದು. "ಆತುರ ಮಾಡಿದ್ರೆ ಮರಳಾಗತ್ತೆ, ತಡ ಮಾಡಿದ್ರೆ ಹುಳಿಯಾಗತ್ತೆ. ಕೈ ನೋಡ್ಬೇಡ, ಹಾಲು ನೋಡು" ಎನ್ನುತ್ತಿದ್ದಳು ಅತ್ತೆ. ಮೂರು ವರ್ಷಕ್ಕೆ ಸೊಸೆಯ ಕೈ ಅತ್ತೆಯದಕ್ಕಿಂತ ಪಳಗಿತು. ಸಂತೆಯ ದಿನ ಬೆನ್ನಿನ ಬುಟ್ಟಿಯಲ್ಲಿ ತೋಫು ಹೊತ್ತು ಹೋದರೆ ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ.

ಗಂಡ ಆವ್ ತಿಂಗ್‌ಫೂ ಮಾತು ಕಡಿಮೆಯ ಮನುಷ್ಯ. ಅವನದೂ ಸೇರಿಸಿ ಇಬ್ಬರ ಮಾತನ್ನು ಹೆಂಡತಿಯೇ ಆಡುತ್ತಿದ್ದಳು. ಮಕ್ಕಳಾಗಲಿಲ್ಲ. ಆ ಬಗ್ಗೆ ಮನೆಯಲ್ಲಿ ಯಾರೂ ಯಾರನ್ನೂ ಚುಚ್ಚಲಿಲ್ಲ. ಅತ್ತೆ ವರ್ಷಕ್ಕೊಮ್ಮೆ ನಿಟ್ಟುಸಿರು ಬಿಡುತ್ತಿದ್ದಳು, ಅಷ್ಟೆ.

ರೈಲು ದಾರಿಯ ಕೆಲಸ ಶುರುವಾದದ್ದು ತೊಂಬತ್ತೆಂಟರಲ್ಲಿ. ಬೆಟ್ಟದ ಆಚೆ ಮಗ್ಗುಲಿಗೆ ಲಾರಿಗಳು ಬಂದವು, ತಗಡಿನ ಶೆಡ್ಡುಗಳೆದ್ದವು, ಬಂಡೆಗೆ ಬಾಯಿ ಬಿಡಿಸಿದರು. ತಿಂಗ್‌ಫೂ ಊರಿನ ಇನ್ನೂ ಕೆಲವರೊಂದಿಗೆ ಸುರಂಗದ ಕೆಲಸಕ್ಕೆ ಸೇರಿದ. ಸಿಡಿಮದ್ದು ಹಾರಿದ ಮೇಲೆ ಉದುರಿದ ಕಲ್ಲನ್ನು ಗಾಡಿಗೆ ತುಂಬಿ ಹೊರಗೆ ತರುವ ಕೆಲಸ. ವಾರದಲ್ಲಿ ಆರು ದಿನ ಅಲ್ಲೇ ಶೆಡ್ಡಿನಲ್ಲಿ ಮಲಗುತ್ತಿದ್ದ, ಏಳನೆಯ ದಿನ ಬೆಟ್ಟ ಹತ್ತಿಳಿದು ಮನೆಗೆ ಬರುತ್ತಿದ್ದ. ಕಿವಿಯೊಳಗೂ ಕಲ್ಲಿನ ಪುಡಿ.

ಅದೇ ವರ್ಷ ಕ್ವಾಂಗ್ ಎಂಬ ಇಂಜಿನಿಯರ್ ಹಳ್ಳಿಗೆ ಬಂದರು. ಬೆಟ್ಟದೊಳಗಿನ ನೀರು ಎಲ್ಲೆಲ್ಲಿ ಹರಿಯುತ್ತದೆಂದು ಹುಡುಕುವುದು ಅವರ ಕೆಲಸ. ಐವತ್ತು ದಾಟಿದವರು, ಮಂಡಿನೋವು ಬೇರೆ. ಬೀಸುಕಲ್ಲಿನ ಪಕ್ಕ ಕೂತು ಕೇಳಿದರು, "ಈ ನೀರು ಎಲ್ಲಿಂದ ಬರತ್ತಮ್ಮ?"

"ಮೇಲಿಂದ" ಎಂದಳು ಸುಜೆನ್.

"ಮೇಲೆ ಅಂದ್ರೆ?"

"ಬೆಟ್ಟದ ನೆತ್ತೀಲಿ ದೊಡ್ಡ ಗುಂಡಿ ಇದೆ. ಒಕ್ಕಣೆ ಆದ್ಮೇಲೆ ಜನ ಹೊಟ್ಟನ್ನ ಅದರೊಳಗೆ ಸುರೀತಾರೆ. ಬೇಡ ಅಂದ್ರೆ ಕೇಳಲ್ಲ. ಎರಡು ದಿನ ನನ್ನ ನೀರಲ್ಲಿ ಬರೀ ಹೊಟ್ಟು."

ಕ್ವಾಂಗ್ ಅದನ್ನು ಬರೆದುಕೊಂಡರು. ಮರುದಿನ ನೀರಿನ ಜಾಡು ಹಿಡಿಯಲು ಗುಂಡಿಯೊಳಗೆ ಕೆಂಪು ಬಣ್ಣ ಸುರಿಸಿದರು, ಆದರೆ ಯಾವಾಗ ಸುರಿಯುತ್ತೇವೆಂದು ಅವಳಿಗೆ ಹೇಳುವುದನ್ನು ಮರೆತರು. ಅವತ್ತು ಸಂಜೆ ಸುಜೆನ್‌ಳ ಇಡೀ ಅಚ್ಚು ತೋಫು ನಸುಗೆಂಪಾಗಿ ಹೆಪ್ಪುಗಟ್ಟಿತು. ಊರೆಲ್ಲ ನೋಡಲು ಬಂತು. "ಏನೇ ಸುಜೆನ್, ಮದುವೆ ತೋಫುನಾ? ಯಾರಿಗೆ ಮದುವೆ?" ಎಂದು ಪಕ್ಕದ ಮನೆಯ ಬಾಯ್ ಅಕ್ಕ ಕೇಳಿದಳು. "ನಿಮ್ಮ ಯಜಮಾನ್ರಿಗೆ, ಎರಡನೇದು" ಎಂದಳು ಸುಜೆನ್. ಕ್ವಾಂಗ್ ನಾಚಿಕೊಂಡು ಅಷ್ಟೂ ತೋಫು ತಾವೇ ಕೊಂಡುಕೊಂಡರು. ಹೊರಡುವಾಗ ಮಾತ್ರ ನಗಲಿಲ್ಲ.

"ನೋಡಮ್ಮ, ನಾವು ಕೊರೀತಿರೋ ಜಾಗ ನಿನ್ನ ಒರತೆಗಿಂತ ಕೆಳಗಿದೆ. ಈ ನೀರು ಇದ್ದಕ್ಕಿದ್ದಂಗೆ ಇಳಿದ್ರೆ, ಅದು ಬೇರೆ ದಾರಿ ಹಿಡೀತು ಅಂತ ಅರ್ಥ. ಆಗ ತಡ ಮಾಡದೆ ಹೇಳಿ ಕಳಿಸು."

"ಯಾರಿಗೆ ಹೇಳ್ಲಿ?"

"ನನಗೇ. ನಾನಿಲ್ಲೇ ಇರ್ತೀನಲ್ಲ."

ಅವರು ಇರಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಅವರನ್ನು ಎಂಬತ್ತು ಕಿಲೋಮೀಟರ್ ಆಚೆಯ ಇನ್ನೊಂದು ಸುರಂಗಕ್ಕೆ ಹಾಕಿದರು. ಬರೆದಿಟ್ಟ ಕಾಗದ ಯಾವುದೋ ಕಪಾಟಿನಲ್ಲಿ ಉಳಿಯಿತು.

ಆ ವರ್ಷ ಹತ್ತನೆಯ ತಿಂಗಳು, ಮೆಕ್ಕೆಜೋಳ ಮನೆ ಸೇರಿದ್ದ ದಿನಗಳು. ಬೆಳಗಾಗುತ್ತಿದ್ದಂತೆ ಸುಜೆನ್ ಅಡ್ಡೆ ಹೊತ್ತು ನೀರಿಗೆ ಹೋದಳು. ಒರತೆಯ ಬಾಯಲ್ಲಿ ಯಾವತ್ತೂ ಕಾಣದ ಬೆಣಚುಕಲ್ಲುಗಳು ಕಂಡವು. ಮೊದಲ ಬಕೆಟ್ಟು ತುಂಬಿದಳು. ಎರಡನೆಯದನ್ನು ಅದ್ದುವಾಗ ತಳಕ್ಕೆ ಕಲ್ಲು ಕೆರೆಯಿತು. ಬಂಡೆಯೊಳಗೆ ಯಾರೋ ಹೀರುತ್ತಿದ್ದಂತೆ ಸದ್ದಾಯಿತು, ಅವಳು ನೋಡುತ್ತಿದ್ದಂತೆಯೇ ಉಳಿದ ನೀರು ಹಿಂದಕ್ಕೆ ಸರಿದು ಬಿರುಕಿನೊಳಗೆ ಹೋಯಿತು. ಒದ್ದೆ ಪಾಚಿ ಮಾತ್ರ ಉಳಿಯಿತು.

ಅಡ್ಡೆಯನ್ನು ಅಲ್ಲೇ ಬಿಸಾಡಿದಳು. ಅಂಗಳದಲ್ಲಿದ್ದ ಅತ್ತೆಗೆ "ಒರತೆ ಹೋಯ್ತು, ಸುರಂಗಕ್ಕೆ ಹೋಗ್ತಿದೀನಿ" ಎಂದಷ್ಟೇ ಕೂಗಿ ಬೆಟ್ಟ ಹತ್ತಿದಳು. ನಿಧಾನಕ್ಕೆ ನಡೆದರೆ ಎರಡೂವರೆ ಗಂಟೆಯ ದಾರಿ. ಅವಳು ಒಂದೂಕಾಲು ಗಂಟೆಯಲ್ಲಿ ಮುಟ್ಟಿದಳು. ಇಳಿಜಾರಿನಲ್ಲಿ ಎರಡು ಸಲ ಬಿದ್ದು ಅಂಗೈ ಸುಲಿದಿತ್ತು.

ಸುರಂಗದ ಬಾಯಲ್ಲಿ ಕಾವಲಿನವನೊಬ್ಬ ಕೈ ಅಡ್ಡ ಹಿಡಿದ. "ಹೆಂಗಸರು ಈ ಗೆರೆ ದಾಟೋ ಹಾಗಿಲ್ಲ. ಒಳಗಿರೋರಿಗೆ ಕೇಡು."

"ಕೇಡು ಬರ್ತಿರೋದನ್ನ ಹೇಳಕ್ಕೇ ಬಂದಿರೋದು. ನಮ್ಮೂರ ಒರತೆ ನಿಂತೋಯ್ತು. ಆ ನೀರು ಇಲ್ಲಿಗೆ ಬರತ್ತೆ. ಎಲ್ಲರನ್ನೂ ಆಚೆ ಕರೀರಿ."

"ನೀರು ದಿನಾ ತೊಟ್ಟಿಕ್ಕತ್ತಮ್ಮ, ಪಂಪು ಓಡ್ತಿದೆ. ನಿಮ್ಮೂರಲ್ಲಿ ನೀರಿಲ್ಲ ಅಂದ್ರೆ ನಿಮ್ಮೂರಲ್ಲಿ ಕೇಳು."

"ಕ್ವಾಂಗ್ ಇಂಜಿನಿಯರ್‌ನ ಕರೀರಿ, ಅವರಿಗೆ ಗೊತ್ತು."

"ಯಾವ ಕ್ವಾಂಗು?" ಎಂದ ಅವನು. ಅವನು ಹೊಸಬ.

ಒಳಗಿನ ಫೋನಿನ ತಂತಿ ಎರಡು ದಿನದ ಹಿಂದಿನ ಸಿಡಿತಕ್ಕೆ ಹರಿದಿತ್ತು, ಇನ್ನೂ ಕಟ್ಟಿರಲಿಲ್ಲ. ಬೆಳಗಿನ ಪಾಳಿ ಆಗಲೇ ಒಳಗೆ ಹೋಗಿತ್ತು. ಸುರಂಗದ ಕೊನೆಯಲ್ಲಿ ಶಿಂಗ್ ಮೇಸ್ತ್ರಿ ಸೇರಿ ಒಂಬತ್ತು ಜನ, ಅರ್ಧ ದಾರಿಯ ಪಕ್ಕದ ಗೂಡಿನಲ್ಲಿ ಪಂಪು ನೋಡಿಕೊಳ್ಳುವ ಪೂ ಎಂಬ ಮುದುಕ. ಆಫೀಸಿನ ಬಾಗಿಲಿಗೆ ಬೀಗ. ಸುಜೆನ್ ಸುತ್ತ ನೋಡಿದಳು. ಇನ್ನು ಒಬ್ಬನೇ ಉಳಿದಿದ್ದ, ಕಾರಣ ಕೇಳದೆ ಅವಳ ಮಾತು ನಂಬುವವನು. ರಾತ್ರಿಪಾಳಿ ಮುಗಿಸಿ ಶೆಡ್ಡಿನಲ್ಲಿ ಮಲಗಿದ್ದ ತಿಂಗ್‌ಫೂವಿನ ಭುಜ ಹಿಡಿದು ಅಲ್ಲಾಡಿಸಿದಳು.

"ಏಳು. ಒರತೆ ಹೋಯ್ತು."

ಅವನು ಕಣ್ಣು ಬಿಟ್ಟ. "ಎಷ್ಟು ಇಳೀತು?"

"ಪೂರ್ತಿ. ಒಳಕ್ಕೆ ಎಳ್ಕೊಂಡು ಹೋಯ್ತು."

ಅವನು ಬರಿಗಾಲಿಗೇ ರಬ್ಬರ್ ಬೂಟು ಏರಿಸಿದ, ಟಾರ್ಚು ತೆಗೆದುಕೊಂಡು ಹೋದ. ಕಾವಲಿನವನು ಅವನನ್ನು ತಡೆಯಲಿಲ್ಲ.

ಒಳಗೆ ನಡೆದದ್ದನ್ನು ಅವಳಿಗೆ ಆಮೇಲೆ ಹೇಳಿದವನು ಶಿಂಗ್ ಮೇಸ್ತ್ರಿ. ಕೊನೆಯ ಗೋಡೆಯ ಬಿರುಕಿನಿಂದ ಕೆಂಪು ಕೆಸರು ಆಗಷ್ಟೇ ಚಿಮ್ಮತೊಡಗಿತ್ತಂತೆ. ಹಲಗೆ ಬಡಿದು ತಡೆಯೋಣವೆಂದು ಅವರು ಮರ ಕುಯ್ಯುತ್ತಿದ್ದರಂತೆ. ತಿಂಗ್‌ಫೂ ಓಡಿಬಂದು, "ಬಿಡಿ ಅದನ್ನ, ಇಡೀ ಬೆಟ್ಟದ ನೀರು ಬರ್ತಿದೆ, ಓಡಿ" ಎಂದನಂತೆ. ಮಾತೇ ಆಡದವನು ಅಷ್ಟು ಕೂಗಿದ್ದು ನೋಡಿ ಎಲ್ಲರೂ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿದರು. ಪಂಪಿನ ಗೂಡಿನ ಹತ್ತಿರ ಅವನು ನಿಂತ. ಪಂಪಿನ ಸದ್ದಿಗೆ ಪೂ ಮುದುಕನಿಗೆ ಏನೂ ಕೇಳಿಸಿರಲಿಲ್ಲ. "ನೀವು ನಡೀರಿ, ಮುದುಕನ್ನ ಕರ್ಕೊಂಡು ಬರ್ತೀನಿ" ಎಂದ. ಒಂಬತ್ತು ಜನ ಬೆಳಕಿಗೆ ಬಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಒಳಗಿಂದ ಗಾಳಿ ನುಗ್ಗಿ ಬಂತು, ಅದರ ಹಿಂದೆ ನೀರು. ಕಲ್ಲಿನ ಗಾಡಿಗಳನ್ನು ಬೆಂಕಿಪೊಟ್ಟಣದಂತೆ ಹೊರಗೆಸೆಯಿತು.

ಸುಜೆನ್ ಗೆರೆಯ ಈಚೆ ನಿಂತು, ಹೊರಗೆ ಬಂದವರನ್ನು ಒಬ್ಬೊಬ್ಬರಾಗಿ ನೋಡಿದಳು.

ನೀರು ತಗ್ಗಲು ಆರು ದಿನ ಹಿಡಿಯಿತು. ಇಬ್ಬರೂ ಸಿಕ್ಕಿದ್ದು ಪಂಪಿನ ಗೂಡಿನಲ್ಲಲ್ಲ, ಸುರಂಗದ ಬಾಯಿಗೆ ಇನ್ನೂ ಇನ್ನೂರು ಹೆಜ್ಜೆ ಇದ್ದ ಜಾಗದಲ್ಲಿ. ಅಷ್ಟು ದೂರ ಬಂದಿದ್ದರು.

ಮಣ್ಣು ಮಾಡಿ ಮನೆಗೆ ಬಂದ ಸಂಜೆ ಅತ್ತೆ ಒಲೆಯ ಮುಂದೆ ಕೂತು ಹೇಳಿದಳು, "ಪಾಳಿ ಮುಗಿಸಿ ಮಲಗಿದ್ದೋನನ್ನ ನೀನು ಎಬ್ಬಿಸ್ದೆ."

ಸುಜೆನ್ "ಹೌದು" ಎಂದಳು. ಆ ಮಾತನ್ನು ಅತ್ತೆ ಎರಡನೆಯ ಸಲ ಆಡಲಿಲ್ಲ. ಒಂದು ಸಲಕ್ಕೇ ಅದು ಮನೆಯಲ್ಲಿ ನೆಲೆಸಿತು. ಊಟದ ಹೊತ್ತಿನಲ್ಲಿ, ಹಾಸಿಗೆ ಹಾಸುವಾಗ, ಅತ್ತೆ ಮಗ್ಗುಲು ಬದಲಿಸಿದ ಸದ್ದಿನಲ್ಲಿ ಸುಜೆನ್‌ಗೆ ಅದು ಕೇಳಿಸುತ್ತಿತ್ತು.

ಸತ್ತವರ ಕರ್ಮ ಮುಗಿಯುವ ನಲವತ್ತೊಂಬತ್ತನೆಯ ದಿನ ಆ ಒಂಬತ್ತು ಜನ ಬಂದರು. ಹೊಗೆಯಲ್ಲಿ ಒಣಗಿಸಿದ ಮಾಂಸ, ಮದ್ಯ, ಎಣ್ಣೆ ತಂದಿದ್ದರು. ಅಂಗಳದಲ್ಲಿ ಸಾಲಾಗಿ ಮಂಡಿಯೂರಿ ಅತ್ತೆಗೆ ಹಣೆ ಮುಟ್ಟಿಸಿದರು. ಅತ್ತೆ ಎಲ್ಲರನ್ನೂ ಎಬ್ಬಿಸಿ ಚಹಾ ಕೊಟ್ಟಳು, ಪ್ರತಿಯೊಬ್ಬನಿಗೂ ತಾಯಿ ಇದ್ದಾಳಾ, ಎಷ್ಟು ಮಕ್ಕಳು ಎಂದು ಕೇಳಿದಳು. ಶಿಂಗ್ ಮೇಸ್ತ್ರಿ "ಅತ್ತಿಗೆ ಎಲ್ಲಿ?" ಎಂದು ಹುಡುಕಿಕೊಂಡು ಹಿತ್ತಿಲಿಗೆ ಬಂದ. ಸುಜೆನ್ ಬೀಸುಕಲ್ಲಿನ ಹಿಂದೆ ನಿಂತಿದ್ದಳು.

"ಅತ್ತಿಗೆ, ನೀವು ಬರದೇ ಇದ್ದಿದ್ರೆ..."

"ಅದೊಂದು ಹೇಳ್ಬೇಡಿ" ಎಂದಳು. "ಚಹಾ ಆರೋಗತ್ತೆ, ಹೋಗಿ ಕುಡೀರಿ."

ಒರತೆ ಮರಳಲಿಲ್ಲ. ಊರಿನ ಹೆಂಗಸರು ಕೆಳಗಿನ ಹೊಳೆಯಿಂದ ನೀರು ಹೊರತೊಡಗಿದರು. ನೋವಾದ ಭುಜಗಳಿಗೆ ದೂರಲು ಯಾರಾದರೊಬ್ಬರು ಬೇಕಿತ್ತು. ರೈಲಿನವರು ಎರಡು ವರ್ಷದ ಮೇಲೆ ಕೊಳಾಯಿ ಹಾಕಿಸಿಕೊಟ್ಟರು. ಅದರ ಮುಂದಿನ ಸಾಲಿನಲ್ಲಿ ಒಮ್ಮೆ ಬಾಯ್ ಅಕ್ಕ ಎಲ್ಲರಿಗೂ ಕೇಳಿಸುವಂತೆ ಹೇಳಿದಳು, "ಎಂಥಾ ಕಾಲ್ಗುಣ ನೋಡಿ. ಒರತೇನೂ ನುಂಗಿದ್ಲು, ಗಂಡನ್ನೂ ನುಂಗಿದ್ಲು."

ಸುಜೆನ್ ಬಕೆಟ್ಟು ಎತ್ತಿಕೊಂಡಳು. ಹಿಂದೆ ನಿಂತಿದ್ದ ಅತ್ತೆ ಮಾತ್ರ ಕೋಲು ಊರಿಕೊಂಡು ಮುಂದೆ ಬಂದಳು.

"ಬಾಯ್, ಆಡಿದ್ದನ್ನ ನನ್ನ ಮುಖ ನೋಡಿ ಆಡು."

"ಅಲ್ಲ ಅಜ್ಜಿ, ನಾನೇನು..."

"ಸತ್ತೋನು ನನ್ನ ಮಗ. ಇವಳನ್ನ ಅನ್ನೋದಿದ್ರೆ ನಾನು ಅನ್ತೀನಿ, ನನಗೆ ಹಕ್ಕಿದೆ. ನಿನಗೇನಿದೆ? ನಿನ್ನ ಗಂಡ ಮನೇಲಿ ಗೊರಕೆ ಹೊಡೀತಿದಾನೆ, ಹೋಗಿ ಅವನ್ನ ಎಬ್ಬಿಸು."

ಮನೆಗೆ ಬಂದ ಮೇಲೆ ಅತ್ತೆ ಕೋಲನ್ನು ಮೂಲೆಗಿಟ್ಟು ಮಲಗಿದಳು. ಸುಜೆನ್ ಒಲೆ ಹಚ್ಚಲು ಕೂತವಳು ಅವತ್ತು ಹೊಗೆಯ ನೆಪದಲ್ಲಿ ಬಹಳ ಹೊತ್ತು ಅತ್ತಳು.

ಮರುಮದುವೆಯಾಗೆಂದು ತವರಿನವರು ಮೂರು ಸಲ ಬಂದು ಹೇಳಿದರು. ಅವಳಿಗಿನ್ನೂ ಮೂವತ್ತೈದಾಗಿರಲಿಲ್ಲ. "ಮುದುಕಿನ ಯಾರು ನೋಡ್ಕೊತಾರೆ" ಎಂದು ಕಳಿಸಿದಳು. ಅದು ಒಂದು ಕಾರಣ. ಇನ್ನೊಂದನ್ನು ಯಾರಿಗೂ ಹೇಳಲಿಲ್ಲ. ಅತ್ತೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳದೆ ತಾನು ಆ ಮನೆ ಬಿಟ್ಟರೆ, ಎಲ್ಲಿ ಹೋದರೂ ಅದು ಜೊತೆಗೇ ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಕ್ವಾಂಗ್ ಇಂಜಿನಿಯರ್ ಒಂದು ದಿನ ಬಂದರು. ಕೆಲಸದಿಂದ ನಿವೃತ್ತರಾಗಿದ್ದರು, ಊರುಗೋಲು ಹಿಡಿದಿದ್ದರು. ಬಾಗಿಲಲ್ಲೇ ನಿಂತು, "ನಾನು ಎಲ್ಲ ಬರೆದಿಟ್ಟಿದ್ದೆನಮ್ಮ. ಬರೆದಿಟ್ಟರೆ ಸಾಕು ಅಂದ್ಕೊಂಡಿದ್ದೆ" ಎಂದು ಮುಖ ಮುಚ್ಚಿಕೊಂಡರು.

"ನೀವು ಬರೆದ್ರಿ, ನಾನು ಓಡಿದೆ" ಎಂದಳು ಸುಜೆನ್. "ಒಳಗೆ ಬನ್ನಿ. ಮಂಡಿ ನೋವು ಹೇಗಿದೆ?"

ಕೊಳಾಯಿ ನೀರಿಗೆ ಔಷಧಿಯ ವಾಸನೆ, ತೋಫು ಪುಡಿಪುಡಿಯಾಗುತ್ತಿತ್ತು. ಬೆಟ್ಟದ ಆಚೆ ಸುರಂಗದ ಪಕ್ಕದ ಕಾಲುವೆಯಲ್ಲಿ ಅದೇ ಒರತೆಯ ನೀರು ಹಗಲಿರುಳು ಹರಿದುಹೋಗುತ್ತಿತ್ತು. ಅಲ್ಲಿಂದ ತಾ ಎಂದು ಯಾರೋ ಅಂದರು. ಅವಳು ಒಮ್ಮೆ ಹೋದಳು, ಬಗ್ಗಿದಳು, ಬಕೆಟ್ಟು ಅದ್ದಲಾಗದೆ ಹಿಂದಿರುಗಿದಳು. ತೋಫು ಮಾಡುವುದನ್ನೇ ಬಿಟ್ಟು ಆಲೂಗಡ್ಡೆ, ಹಂದಿಮರಿಗಳಲ್ಲಿ ಜೀವನ ಸಾಗಿಸಿದಳು.

ಹೀಗೆ ಹನ್ನೊಂದು ವರ್ಷ. ಆ ಚಳಿಗಾಲ ಅತ್ತೆ ಹಾಸಿಗೆ ಹಿಡಿದಳು. ಹೊಸ ವರ್ಷಕ್ಕೆ ವಾರವಿತ್ತು. ಮಧ್ಯಾಹ್ನ ಸುಜೆನ್ ಬಿಸಿನೀರಲ್ಲಿ ಬಟ್ಟೆ ಅದ್ದಿ ಅವಳ ಪಾದ ಒರೆಸುತ್ತಿದ್ದಾಗ ಅತ್ತೆ ಕೇಳಿದಳು, "ಅವತ್ತು ಅವನನ್ನ ಎಷ್ಟು ಸಲ ಕರೆದೆ?"

ಆ ಬೆಳಗಿನ ಬಗ್ಗೆ ಅವಳು ಕೇಳಿದ್ದು ಅದೇ ಮೊದಲು. ಸುಜೆನ್ ಕೈ ನಿಲ್ಲಿಸಿದಳು. "ಒಂದೇ ಸಲ ಅತ್ತೆ. ಭುಜ ಅಲ್ಲಾಡಿಸ್ದೆ, ಎದ್ದುಬಿಟ್ಟ."

"ಏನಂದ?"

"ಎಷ್ಟು ಇಳೀತು ಅಂದ. ಪೂರ್ತಿ ಅಂದೆ. ಬೂಟು ಹಾಕ್ಕೊಂಡು ಹೋದ."

ಅತ್ತೆ ಸೂರು ನೋಡುತ್ತ ಮಲಗಿದ್ದಳು. "ಚಿಕ್ಕೋನಿದ್ದಾಗ ಹತ್ತು ಸಲ ಕರೆದ್ರೂ ಏಳ್ತಿರ್ಲಿಲ್ಲ" ಎಂದಳು. "ನೀರು ಚಿಮುಕಿಸ್ಬೇಕಿತ್ತು. ಆಮೇಲೆ ಇಡೀ ದಿನ ನನ್ನ ಮೇಲೆ ಮುನಿಸ್ಕೊಂಡಿರ್ತಿದ್ದ." ಆಮೇಲೆ ಮುಖ ಸೊಸೆಯ ಕಡೆ ತಿರುಗಿಸಿ ಕೇಳಿದಳು, "ನಿನ್ನ ಮೇಲೆ ಮುನಿಸ್ಕೊಂಡನಾ?"

"ಇಲ್ಲ ಅತ್ತೆ."

"ಹಾಗಿದ್ರೆ ಸರಿ" ಎಂದು ಅತ್ತೆ ಕಣ್ಣು ಮುಚ್ಚಿದಳು. "ಇನ್ನೊಂದು ಕಾಲು ಒರೆಸು. ನೀರು ಆರ್ತಿದೆ."

ಹೊಸ ವರ್ಷದ ನಾಲ್ಕನೆಯ ದಿನ ಅವಳು ಹೋದಳು. ಶಿಂಗ್ ಮೇಸ್ತ್ರಿಗೆ ಯಾರು ಸುದ್ದಿ ಮುಟ್ಟಿಸಿದರೋ, ಒಂಬತ್ತರಲ್ಲಿ ಏಳು ಜನ ಬಂದು ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಮಗನ ಪಕ್ಕದಲ್ಲೇ ಮಣ್ಣು ಮಾಡಿದರು. ಎಲ್ಲರೂ ಇಳಿದು ಹೋದ ಮೇಲೂ ಸುಜೆನ್ ಅಲ್ಲೇ ಕೂತಿದ್ದಳು. ಕಡೆಗೆ ಬಾಯ್ ಅಕ್ಕ ಮೇಲೆ ಬಂದು, ಅವಳ ಮೊಣಕೈ ಹಿಡಿದು ಎಬ್ಬಿಸಿಕೊಂಡು ಮನೆಗೆ ಕರೆದೊಯ್ದಳು.