ಬಚ್ಚಲೊಲೆಯಲ್ಲಿ ಬೆಂದ ಕೆಂಪು ಕಲ್ಲು

ಅಣ್ಣನಿಗೆ ಆ ಕಲ್ಲು ಸಿಕ್ಕಿದ್ದು ಶಿವಗಂಗೆಯಲ್ಲಿ. ಕಾರ್ತಿಕದ ಒಂದು ಸೋಮವಾರ ಬೆಟ್ಟ ಹತ್ತಿ ಇಳಿದವನು ಕೆಳಗಿನ ಮಂಟಪದಲ್ಲಿ ಕೂತಿದ್ದಾಗ, ಪಕ್ಕದಲ್ಲಿದ್ದ ಮುದುಕನೊಬ್ಬ ತಲೆ ಸುತ್ತಿ ವಾಲಿದನಂತೆ. ಅಣ್ಣ ನೀರು ಕುಡಿಸಿ, ಎಳನೀರು ತಂದುಕೊಟ್ಟು, ಸಂಜೆಯವರೆಗೂ ಜೊತೆಗಿದ್ದು ಬಸ್ಸು ಹತ್ತಿಸಿದ. ಮುದುಕ ನಾಟಿ ಔಷಧ ಮಾಡುತ್ತಿದ್ದವನು, ಹಿಂದೆಮುಂದೆ ಯಾರೂ ಇಲ್ಲ. ಬಸ್ಸು ಹತ್ತುವ ಮೊದಲು ಒಂದು ಬಟ್ಟೆಗಂಟು ಅಣ್ಣನ ಕೈಗಿಟ್ಟು ಹೇಳಿದನಂತೆ: "ಇದರ ಹೊಟ್ಟೇಲಿ ರಸ ಐತೆ ಕಣಪ್ಪ. ರಸ ಕಟ್ಟೋದು ಗೊತ್ತಾದೋನಿಗೆ ತಾಮ್ರ ಚಿನ್ನ ಆಗ್ತದೆ. ಗೊತ್ತಾಗ್ದೇ ಇದ್ದೋನಿಗೆ ಇದೇ ಯಮ. ನನ್ ಕೈಲಾಗ್ಲಿಲ್ಲ, ನಿನಗಾದ್ರೂ ದಕ್ಕಲಿ."

ಗಂಟಿನಲ್ಲಿ ಮಣ್ಣಿನ ಹೆಂಟೆಯಂಥ ನಾಲ್ಕು ಕಲ್ಲುಗಳಿದ್ದವು. ಒಣಗಿದ ರಕ್ತದ ಬಣ್ಣ. ಗಾತ್ರಕ್ಕೆ ಮೀರಿದ ಭಾರ.

ನಮ್ಮದು ದೊಡ್ಡಬಳ್ಳಾಪುರದ ಪಕ್ಕದ ಹಳ್ಳಿ. ರಾಗಿ ಬೆಳೆಯುವ ಮನೆತನವಾದರೂ ಅಣ್ಣ ಹದಿನಾರನೇ ವಯಸ್ಸಿಗೇ ಪವರ್‌ಲೂಮ್ ಕಲಿತು, ಮನೆಯ ಪಕ್ಕದ ಶೆಡ್ಡಿನಲ್ಲಿ ಎರಡು ಮಗ್ಗ ಹಾಕಿಕೊಂಡಿದ್ದ. ಅವನ ಬೆರಳುಗಳನ್ನು ನೋಡಬೇಕಿತ್ತು. ಕೂದಲಿಗಿಂತ ಸಣ್ಣ ರೇಷ್ಮೆ ಎಳೆ ಕಡಿದರೆ ನಮ್ಮ ಜೊತೆ ಮಾತಾಡುತ್ತಲೇ, ಆ ಕಡೆ ನೋಡದೆಯೇ, ಗಂಟು ಹಾಕಿಬಿಡುತ್ತಿದ್ದ. ನಲವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಮಗ್ಗದವನೆಂದು ಹೆಣ್ಣಿನ ಕಡೆಯವರು ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಅವನು ಅದನ್ನು ನಗುತ್ತಲೇ ಹೇಳುತ್ತಿದ್ದ. ಆ ನಗುವನ್ನು ನಾವು ನಂಬಿದ್ದೆವು.

ನಾನು ನೆಲಮಂಗಲದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಇದನ್ನು ಹೇಳದೆ ಮುಂದಿನದನ್ನು ಹೇಳುವುದು ಮೋಸವಾಗುತ್ತದೆ.

ಗಂಟು ಸಿಕ್ಕ ಎರಡು ವಾರಕ್ಕೆ ನಾನು ಊರಿಗೆ ಹೋಗಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಅಣ್ಣ ನನ್ನನ್ನು ಬಚ್ಚಲುಮನೆಗೆ ಕರೆದ. ನೀರೊಲೆಯ ಮೇಲಿನ ಹಂಡೆ ಇಳಿಸಿ, ಒಂದು ಕಲ್ಲು ಕುಟ್ಟಿದ ಪುಡಿ ತುಂಬಿದ ಮಡಕೆ ಇಟ್ಟಿದ್ದ. ಅಮ್ಮ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಉರಿ ಹಾಕುತ್ತಿದ್ದಳು. ಅಣ್ಣ ಮಡಕೆಯ ಮುಚ್ಚಳ ತಿರುವಿ ತೋರಿಸಿದ. ಒಳಮೈಯಲ್ಲಿ ಬೆಳ್ಳಿ ಬೆವರು. ಬೆರಳಿನಿಂದ ಒರೆಸಿದರೆ ಹನಿ ಹನಿ ಕೂಡಿ ಒಂದು ಗುಂಡಾಯಿತು. ಅದನ್ನು ಅಂಗೈಯಲ್ಲಿ ಉರುಳಿಸುತ್ತ, "ನೋಡವ್ವಾ, ಕಲ್ಲೊಳಗಿಂದ ಬಂತು. ನಾನೇ ತೆಗ್ದಿದ್ದು" ಎಂದು ನನ್ನ ಮುಂದೆ ಹಿಡಿದ. ಅವನ ಮುಖ ಅಷ್ಟು ಬೆಳಗಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ನನಗೆ ಗೊತ್ತಾಯಿತು. ಅದು ಪಾದರಸ, ಕಲ್ಲು ಪಾದರಸದ ಅದಿರು. ಅದರ ಆವಿ ಕಣ್ಣಿಗೆ ಕಾಣದ ವಿಷ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುವವಳು ನಾನು.

"ಅಣ್ಣ, ಅದು ವಿಷ. ಹಿಂಗೆಲ್ಲ ಕಾಯಿಸ್ಬಾರ್ದು" ಎಂದೆ.

"ಗೊತ್ತು ಬಿಡವ್ವಾ. ಬಾಯಿಗೆ ಹಾಕ್ಕಂಡ್ರೆ ತಾನೆ?" ಎಂದ ಅಣ್ಣ. ಆಮೇಲೆ, "ತಗೋ, ಹಿಡ್ಕೊಂಡು ನೋಡು" ಎಂದ.

ನಾನು ಕೈ ಚಾಚಿದೆ. ಆ ತಣ್ಣನೆಯ ಭಾರ ಅಂಗೈಯಲ್ಲಿ ಅಲುಗಿದಾಗ ನಾನೂ ಅವನಂತೆಯೇ ಅದನ್ನು ಉರುಳಿಸಿದೆ. ಸ್ವಲ್ಪ ಹೊತ್ತು ಆಡಿಸಿ ವಾಪಸು ಕೊಟ್ಟು, "ಜಾಸ್ತಿ ಮಾಡ್ಬೇಡ" ಎಂದು ಹೇಳಿ, ಸಂಜೆ ಬಸ್ಸಿಗೆ ನೆಲಮಂಗಲಕ್ಕೆ ಬಂದುಬಿಟ್ಟೆ. ಪರೀಕ್ಷೆಯ ಪೇಪರುಗಳಿದ್ದವು, ಮನೆ ಇತ್ತು. ಜಗಳವಾಡಿ ಮಡಕೆ ಒಡೆದು ಬರಬಹುದಿತ್ತು. ಮಾಡಲಿಲ್ಲ.

ಸುದ್ದಿ ಹೊರಬಿದ್ದದ್ದು ಅಣ್ಣನಿಂದಲೇ. ರಸ ಕಟ್ಟಿ ಗಟ್ಟಿ ಮಾಡುವುದು ಹೇಗೆಂದು ಪೇಟೆಯ ಅಕ್ಕಸಾಲಿಗನೊಬ್ಬನನ್ನು ಕೇಳಿದ್ದನಂತೆ. ವಾರದೊಳಗೆ ದೇವನಹಳ್ಳಿ ಕಡೆಯಿಂದ ಕಾರಿನಲ್ಲಿ ಮೂವರು ಬಂದರು. ಕಲ್ಲು ತೋರಿಸೆಂದರು. ತೋರಿಸಿದಾಗ ಒಬ್ಬ ಚಪ್ಪಲಿ ಬಿಟ್ಟು ಕೈಮುಗಿದ. ಇನ್ನೊಬ್ಬ ಅರಿಶಿನ ಕುಂಕುಮ ಕೇಳಿ ಇಸಿದುಕೊಂಡು ಕಲ್ಲಿಗೆ ಹಚ್ಚಿದ. "ಕೇಳಿದಷ್ಟು ಕೊಡ್ತೀವಿ ಗುರು, ಕೊಟ್ಬಿಡು" ಎಂದರು. ಅಣ್ಣ ಒಪ್ಪಲಿಲ್ಲ. ಹೊರಡುವಾಗ ಮೂರನೆಯವನು ಅಮ್ಮನಿಗೆ, "ಮಗನ್ನ ಹುಷಾರಾಗಿ ನೋಡ್ಕಳಮ್ಮ, ಇಂಥವು ಮನೇಲಿದ್ರೆ ಒಳ್ಳೇದಲ್ಲ" ಎಂದನಂತೆ.

ಆಮೇಲೊಂದು ದಿನ ಅಮ್ಮ ಅಣ್ಣ ಇಬ್ಬರೂ ಮದುವೆಗೆಂದು ಹೊಸಕೋಟೆಗೆ ಹೋಗಿದ್ದಾಗ ಯಾರೋ ಬಚ್ಚಲುಮನೆಯ ಶೀಟು ಸರಿಸಿ ಇಳಿದಿದ್ದರು. ನೆಲ ಅಗೆದಿದ್ದರು, ರಸ ತುಂಬಿದ್ದ ಸೀಸೆ ಒಡೆದಿತ್ತು. ಕಲ್ಲು ಸಿಕ್ಕಿರಲಿಲ್ಲ, ಅದು ಅಟ್ಟದ ಮೇಲೆ ರಾಗಿ ಡ್ರಮ್ಮಿನ ಹಿಂದಿತ್ತು. ನೆಲದ ಬಿರುಕುಗಳಲ್ಲೆಲ್ಲ ಬೆಳ್ಳಿ ಹನಿಗಳು. ಮಗನ ಶ್ರಮ ಮಣ್ಣು ಪಾಲಾಯಿತೆಂದು ಅಮ್ಮ ಮೂರು ದಿನ ಬಗ್ಗಿ ಕೂತು, ವೀಳ್ಯದೆಲೆಯಿಂದ ಆ ಹನಿಗಳನ್ನು ಗೋರಿ ಗೋರಿ ಇನ್ನೊಂದು ಸೀಸೆಗೆ ತುಂಬಿದಳು. ಬಾಗಿಲು ಹಾಕಿಕೊಂಡು ಒಲೆ ಉರಿಸುವುದು ಆ ದಿನದಿಂದ ಶುರುವಾಯಿತು.

ಇದೆಲ್ಲ ನನಗೆ ತಿಳಿದದ್ದು ತಡವಾಗಿ. ಫೋನಿನಲ್ಲಿ ಅಮ್ಮ ಹೇಳುತ್ತಿದ್ದುದು ಬೇರೆ. "ಅಣ್ಣ ಸುಮ್ಸುಮ್ನೆ ರೇಗ್ತಾನೆ ಕಣವ್ವಾ. ನಿದ್ದೇನೇ ಮಾಡಲ್ಲ. ಕೈ ನಡುಗ್ತದೆ, ಎಳೆ ಕಟ್ಟಕ್ಕೆ ಆಗ್ತಿಲ್ಲ." ಕುಡಿತ ಶುರುವಾಗಿದೆ ಎಂದುಕೊಂಡೆ. ಫೋನು ಮಾಡಿ ಬೈದೆ. "ಅಮ್ಮನ ವಯಸ್ಸಿಗಾದ್ರೂ ಮರ್ಯಾದೆ ಕೊಡು" ಎಂದೆ. ಅಣ್ಣ ಫೋನಿಟ್ಟುಬಿಟ್ಟ.

ಸಂಕ್ರಾಂತಿಗೆ ಹೋದಾಗ ಒಂದು ಮಗ್ಗ ನಿಂತಿತ್ತು. ಅಣ್ಣ ಇಳಿದು ಹೋಗಿದ್ದ, ವಸಡು ಊದಿ ಮಾತು ತೊದಲುತ್ತಿತ್ತು. ಅವನನ್ನು ಇನ್ನೊಂದು ಸುತ್ತು ಬೈಯಬೇಕೆಂದು ನಾನು ಮಾತು ಕೂಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಮ್ಮ ಎಳ್ಳುಬೆಲ್ಲದ ತಟ್ಟೆ ತಂದಳು. ತಟ್ಟೆಯೊಳಗಿನ ಬಟ್ಟಲು ಗಲಗಲ ಸದ್ದು ಮಾಡುತ್ತಿತ್ತು. ಅಮ್ಮ ಅದನ್ನು ಎರಡು ಕೈಯಲ್ಲಿ ಹಿಡಿದರೂ ಸದ್ದು ನಿಲ್ಲಲಿಲ್ಲ.

ಅಮ್ಮ ಜನ್ಮದಲ್ಲಿ ಹೆಂಡ ಮುಟ್ಟಿದವಳಲ್ಲ.

ನಾನು ಎದ್ದು ಬಚ್ಚಲುಮನೆಗೆ ಓಡಿದೆ. ಒಲೆಯ ಬೂದಿಯಲ್ಲಿ, ಅಗೆದ ನೆಲದಲ್ಲಿ, ಅಮ್ಮ ಕೂರುವ ಮಣೆಯ ಕೆಳಗೆ, ಎಲ್ಲ ಕಡೆ ಸಾಸಿವೆ ಕಾಳಿನಷ್ಟು ಬೆಳ್ಳಗಿನ ಹನಿಗಳು. ಆ ದಿನವೇ ಇಬ್ಬರನ್ನೂ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ರಕ್ತ, ಮೂತ್ರ ಪರೀಕ್ಷೆ ಮಾಡಿ ಡಾಕ್ಟರಮ್ಮ ಕೇಳಿದರು: "ಎಷ್ಟು ದಿನದಿಂದ ಕಾಯಿಸ್ತಿದ್ರು? ಮನೇಲಿ ಯಾರೂ ಬೇಡ ಅನ್ಲಿಲ್ವಾ?"

"ಇವಳು ಅಂದಿದ್ಲು, ಮೇಡಂ" ಎಂದು ಅಣ್ಣ ನನ್ನ ಕಡೆ ಕೈತೋರಿದ. ಅವನು ನನ್ನನ್ನು ಉಳಿಸಲು ಹೇಳಿದ ಮಾತು ಅದು. ಇವತ್ತಿಗೂ ಚುಚ್ಚುತ್ತದೆ.

ಆಸ್ಪತ್ರೆಯವರು ತಿಳಿಸಿದ್ದಕ್ಕೆ ಇಬ್ಬರು ಅಧಿಕಾರಿಗಳು ಮನೆಗೆ ಬಂದರು. ಗವಸು, ಮುಖಕ್ಕೆ ಕವಚ ಹಾಕಿಕೊಂಡು ಕಲ್ಲು, ಸೀಸೆ, ಮಡಕೆ, ಬಚ್ಚಲಿನ ಮಣ್ಣು ಎಲ್ಲವನ್ನೂ ಡಬ್ಬಗಳಿಗೆ ತುಂಬಿದರು. ನಾನೇ ನಿಂತು ಸಹಿ ಹಾಕಿದೆ. ಊರವರು ಬೇಲಿಯಾಚೆ ನಿಂತು ನೋಡಿದರು. "ಕಲ್ಲಲ್ಲಿ ಶಕ್ತಿ ಇಲ್ದಿದ್ರೆ ಸರ್ಕಾರದೋರು ಹಿಂಗೆ ವೇಷ ಹಾಕ್ಕೊಂಡು ಬರ್ತಿದ್ರೇನ್ಲಾ?" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ವಿಷ ಎಂದು ನಾನು ಹೇಳಿದಷ್ಟೂ ಕಲ್ಲಿನ ಬೆಲೆ ಏರಿತು.

ಅಮ್ಮನ ಮೂತ್ರಪಿಂಡಗಳು ಚೇತರಿಸಿಕೊಳ್ಳಲಿಲ್ಲ. ಆಷಾಢದಲ್ಲಿ ಹೋದಳು. ಕೊನೆಯ ವಾರ ನನ್ನ ಹೆಸರು ಮರೆತಿದ್ದಳು. ಹಾಸಿಗೆಯ ಮೇಲೆ ಏನನ್ನೋ ಹೆಕ್ಕುತ್ತಲೇ ಇರುತ್ತಿದ್ದಳು. ಹನ್ನೊಂದನೆಯ ದಿನದ ಕಾರ್ಯಕ್ಕೆ ಬಂದ ಸೋದರಮಾವ ಊಟ ಮುಗಿಸಿ ನನ್ನನ್ನು ಹುಣಸೆಮರದ ಕೆಳಗೆ ಕರೆದೊಯ್ದ. ಸಮಾಧಾನ ಹೇಳುತ್ತಾನೆಂದುಕೊಂಡೆ.

"ಎಲ್ಲಾನೂ ಕೊಟ್ಬಿಟ್ಟೆಯೇನವ್ವಾ? ಒಂದು ಚೂರಾದ್ರೂ ಎತ್ತಿಟ್ಕೊಂಡಿರ್ಬೇಕಲ್ಲ?"

"ಮಾವ, ನಿಮ್ಮ ಅಕ್ಕ ಸತ್ತಿದ್ದೇ ಅದರಿಂದ."

"ಅದು ಸರಿ. ಆದ್ರೂ..." ಎಂದು ನನ್ನ ಮುಖವನ್ನೇ ನೋಡುತ್ತ ನಿಂತ.

ಅಣ್ಣ ಬದುಕಿದ. ಬೆರಳು ಮರಳಲಿಲ್ಲ. ಮಗ್ಗಗಳನ್ನು ಬಿಚ್ಚಿ ಬೇರೆಯವರು ಒಯ್ದರು. ಈಗ ಅವನು ನನ್ನ ಮನೆಯಲ್ಲೇ ಇದ್ದಾನೆ. ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಅವನ ಅಂಗಿಯ ಗುಂಡಿ ನಾನೇ ಹಾಕುತ್ತೇನೆ. ನಾನು ಸ್ನಾನಕ್ಕೆ ಹೋದಾಗ ಬೀರುವಿನ ಬಟ್ಟೆಗಳನ್ನು ಸರಿಸಿ ಹುಡುಕುತ್ತಾನೆ. ಮಡಿಕೆಗಳು ಕೆಟ್ಟಿರುತ್ತವೆ, ಅದರಿಂದ ತಿಳಿಯುತ್ತದೆ. ಮೊನ್ನೆ ಕೊನೆಯ ಗುಂಡಿ ಹಾಕುವಾಗ ಮೆಲ್ಲಗೆ, ಯಾರಿಗೂ ಕೇಳಬಾರದೆಂಬಂತೆ ಕೇಳಿದ:

"ಎಲ್ಲಿಟ್ಟಿದೀಯ, ನನಗೊಬ್ಬನಿಗಾದ್ರೂ ಹೇಳವ್ವಾ. ಯಾರ್ಗೂ ಹೇಳಲ್ಲ."

"ಇಲ್ಲ ಅಣ್ಣ, ನನ್ನ ಹತ್ರ ಇಲ್ಲ" ಎಂದೆ. ಅವನು ನಂಬಲಿಲ್ಲ. ನನಗೆ ಬಸ್ಸಿಗೆ ಹೊತ್ತಾಗಿತ್ತು.