ಕೊನೆಯ ಚರಣ ಹಾಡಿದವಳು

ಹೋದ ತಿಂಗಳು ಪತ್ರಿಕೆಯಲ್ಲಿ ಆ ಹಾಡಿನ ಚರಿತ್ರೆ ಅಂತ ಅರ್ಧ ಪುಟ ಬಂದಿತ್ತು. ರಾಗ ಹಾಕಿದವರು ಎಲ್ಲಿ ಕೂತು ಹಾಕಿದರು, ಬರೆದವರು ಯಾರನ್ನು ನೆನೆದು ಬರೆದರು, ಎಷ್ಟು ಲಕ್ಷ ರೆಕಾರ್ಡು ಖರ್ಚಾಯಿತು, ಎಲ್ಲವೂ ಇತ್ತು. ನನ್ನ ನಾದಿನಿಯ ಸುದ್ದಿ ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ ಬಿಡಿ. ಗೊತ್ತಿದ್ದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ.

ಅವಳನ್ನು ಮನೆಯಲ್ಲಿ ಎಲ್ಲರೂ ಪೀಪಿ ಅನ್ನುತ್ತಿದ್ದರು. ಹುಟ್ಟಿದ ದಿನ ಅತ್ತ ಸದ್ದು ಮೂರು ಮನೆಯಾಚೆ ಕೇಳಿಸಿತಂತೆ. ನಾನು ಮದುವೆಯಾಗಿ ಬಂದಾಗ ಅವಳಿಗೆ ಹದಿನೇಳು. ಕಡ್ಡಿಯಂಥ ಹುಡುಗಿ, ಇಷ್ಟು ದನಿ ಎಲ್ಲಿ ಬಚ್ಚಿಟ್ಟುಕೊಂಡಿದ್ದಾಳೋ ಅನ್ನಿಸುತ್ತಿತ್ತು. ಪಾತ್ರೆ ತೊಳೆಯುವಾಗ ಹಾಡುತ್ತಿದ್ದಳು, ಜಡೆ ಹೆಣೆಯುವಾಗ ಹಾಡುತ್ತಿದ್ದಳು, ನನ್ನ ಜೊತೆ ಜಗಳವಾಡಿದರೆ ಆ ಜಗಳವನ್ನೂ ರಾಗವಾಗಿ ಹೇಳಿ ನಗಿಸುತ್ತಿದ್ದಳು.

ನಮ್ಮನೆಯವರು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಟೇಪಿನ ಕೆಲಸ ಮಾಡುತ್ತಿದ್ದರು. ನಾಲ್ಕು ಗೋಡೆಗೂ ಜಮಖಾನ ಹೊಡೆದ, ಕಿಟಕಿಯಿಲ್ಲದ ಕೋಣೆ ಅದು. ಅದರ ಪಕ್ಕ ಗಾಜಿನ ಹಿಂದೆ ಇವರ ಮೇಜು. ಒಂದು ಬ್ಲೇಡು, ಬಿಳಿ ಅಂಟುಪಟ್ಟಿ, ಬಣ್ಣದ ಪೆನ್ಸಿಲು. ಹಾಡನ್ನು ತುಂಡು ತುಂಡಾಗಿ ಹಾಡಿಸಿ, ಚೆನ್ನಾಗಿ ಬಂದ ತುಂಡನ್ನು ಕತ್ತರಿಸಿ ಒಂದಕ್ಕೊಂದು ಅಂಟಿಸುವುದು ಇವರ ಕೆಲಸ. ನಾನು ಬಟ್ಟೆ ಹೊಲಿಯುತ್ತಿದ್ದೆ. "ನಮ್ಮಿಬ್ಬರದ್ದೂ ಒಂದೇ ಕಸುಬು ಕಣೇ, ಹೊಲಿಗೆ ಕಾಣಬಾರದು" ಅನ್ನುತ್ತಿದ್ದರು.

ಅಲ್ಲಿ ಒಂದು ಪದ್ಧತಿ ಇತ್ತು. ದೊಡ್ಡ ಗಾಯಕಿ ಬರುವ ಮೊದಲು ಬೇರೆ ಯಾರಾದರೂ ಪೂರ್ತಿ ಹಾಡನ್ನು ಹಾಡಿ ಇಡಬೇಕು. ಅದಕ್ಕೆ ಟ್ರ್ಯಾಕ್ ಹಾಡುವುದು ಅನ್ನುತ್ತಿದ್ದರು. ದೊಡ್ಡವರು ಅದನ್ನು ಕೇಳಿ ಕಲಿತು ಹಾಡುತ್ತಾರೆ, ಆಮೇಲೆ ಮೊದಲಿನ ದನಿಯನ್ನು ಅಳಿಸಿ ಹಾಕುತ್ತಾರೆ. ಪೀಪಿ ಟ್ರ್ಯಾಕ್ ಹಾಡುತ್ತಿದ್ದಳು. ಆ ದೊಡ್ಡ ಗಾಯಕಿಯನ್ನು ಎಲ್ಲರೂ ಮೇಡಂ ಅನ್ನುತ್ತಿದ್ದರು. ಮೇಡಂ ಎಲ್ಲಿ ಉಸಿರು ತಗೊಳ್ಳುತ್ತಾರೆ, ಎಲ್ಲಿ ಎಳೆಯುತ್ತಾರೆ ಎಲ್ಲ ಅವಳಿಗೆ ಗೊತ್ತು. ಹಾಗೇ ಹಾಡಿಡುತ್ತಿದ್ದಳು. ತಂಗಿಯ ದನಿಯನ್ನು ಅಳಿಸುತ್ತಿದ್ದವರು ಇವರೇ.

"ಅಣ್ಣ, ಇವತ್ತು ನನ್ನನ್ನ ಎಷ್ಟು ಹೊತ್ತಿಗೆ ಅಳಿಸಿದೆ?"

"ಊಟಕ್ಕೆ ಮುಂಚೆ."

"ಊಟ ಆದ್ಮೇಲೆ ಅಳಿಸಬಾರದಿತ್ತಾ? ಪಾಪ, ಹಸ್ಕೊಂಡು ಹೋದೆ."

ಆದರೆ ಅವಳಿಗೆ ಒಂದು ಆಸೆ ಇತ್ತು. ಸ್ಟುಡಿಯೋದ ಯಜಮಾನರು, ಮುಂದಿನ ವರ್ಷ ನಿನ್ನ ಹೆಸರಿನಲ್ಲೇ ಒಂದು ರೆಕಾರ್ಡು ಮಾಡೋಣ ಅಂದಿದ್ದರು. ಆ ಮಾತನ್ನು ಅವಳು ಎದೆಗೆ ಕಟ್ಟಿಕೊಂಡು ಓಡಾಡುತ್ತಿದ್ದಳು.

ಆ ಪ್ರೇಮದ ಹಾಡು ಬಂದಾಗ ಅವಳಿಗೆ ಇಪ್ಪತ್ತೆರಡು. ಮೂರು ಚರಣದ ಹಾಡು. ಕೊನೆಯದರಲ್ಲಿ ಹುಡುಗಿ ತನ್ನವನನ್ನು ಕಳಿಸಿಕೊಡುತ್ತಾಳೆ. ಮೇಡಂ ಎರಡು ಚರಣ ಹಾಡುವಷ್ಟರಲ್ಲಿ ಗಂಟಲು ಕಟ್ಟಿ ಎದ್ದುಹೋದರು. ನಾಲ್ಕು ದಿನ ಬಿಟ್ಟು ಬಂದು ಮೂರನೆಯದನ್ನು ಬೇರೆ ಟೇಪಿನಲ್ಲಿ ಹಾಡಿದರು. ಟೇಪು ಅದೇ ದಿನ ರೆಕಾರ್ಡು ಅಚ್ಚು ಹಾಕುವ ಕಾರ್ಖಾನೆಗೆ ಹೋಗಬೇಕಿತ್ತು. ಕಪಾಟಿನಲ್ಲಿ ಎರಡು ಡಬ್ಬ, ಒಂದರಲ್ಲಿ ಮೇಡಂದು, ಇನ್ನೊಂದರಲ್ಲಿ ಇನ್ನೂ ಅಳಿಸದೇ ಉಳಿದಿದ್ದ ಪೀಪಿಯದು. ಎರಡರ ಮೇಲೂ ಇವರದೇ ಅಕ್ಷರದಲ್ಲಿ 'ಕೊನೆಯ ಚರಣ' ಅಂತ ಬರೆದಿತ್ತು. ಇವರು ಪೀಪಿಯದನ್ನು ತೆಗೆದು ಕತ್ತರಿಸಿ ಅಂಟಿಸಿದರು. ಮೂರು ಸಲ ಕೇಳಿದರಂತೆ. ಏನೂ ಎಡವಟ್ಟು ಅನ್ನಿಸಲಿಲ್ಲವಂತೆ. ಹೇಗೆ ಅನ್ನಿಸೀತು? ಅವಳು ತೊಟ್ಟಿಲಿನಲ್ಲಿದ್ದಾಗಿನಿಂದ ಕೇಳಿದ ದನಿ. ಬೇರೆಯವರ ದನಿಯಾಗಿದ್ದರೆ ಕಿವಿಗೆ ಕಲ್ಲಿನ ಹಾಗೆ ಸಿಕ್ಕುತ್ತಿತ್ತು. ಮನೆಯ ದನಿ ಸಿಗಲಿಲ್ಲ.

ಹಾಡು ಬೆಂಕಿಯ ಹಾಗೆ ಹಬ್ಬಿತು. ಕ್ಷೌರದಂಗಡಿ, ಬಸ್ಸು, ಆಸ್ಪತ್ರೆಯ ಹೊರಗಿನ ಚಹಾದಂಗಡಿ, ಎಲ್ಲೆಲ್ಲೂ ಅದೇ. ಕೊನೆಯ ಚರಣ ಬಂದಾಗ ಜನ ಮಾತು ನಿಲ್ಲಿಸುತ್ತಿದ್ದರು. ನಾನೂ ಹೊಲಿಗೆ ಮೆಷಿನ್ನು ನಿಲ್ಲಿಸುತ್ತಿದ್ದೆ. ಒಂದು ಬೆಳಿಗ್ಗೆ ಪೀಪಿ ರೇಡಿಯೋ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಅತ್ತಿಗೆ, ಇದು ನಾನು" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಮೇಡಂಗೂ ಗೊತ್ತಾಯಿತು. ತಮ್ಮ ದನಿ ತಮಗೆ ತಿಳಿಯದೇ? ಅಷ್ಟರಲ್ಲಿ ರೆಕಾರ್ಡು ಮೂರು ಸಲ ಅಚ್ಚಾಗಿತ್ತು, ಬಹುಮಾನವೂ ಬಂದಿತ್ತು. ಊರಿಗೆಲ್ಲ ಹೇಳುವ ಹಾಗಿಲ್ಲ. ಯಜಮಾನರು ಒಂದು ಕಾಗದ ಬರೆಸಿದರು: ಪೀಪಿ ವೇದಿಕೆಯಲ್ಲಾಗಲಿ, ರೇಡಿಯೋದಲ್ಲಾಗಲಿ, ನಾಲ್ಕು ಜನರ ಮುಂದಾಗಲಿ ಇನ್ನು ಹಾಡಕೂಡದು. ಹಾಡಿದರೆ ಜನ ದನಿಯ ಗುರುತು ಹಿಡಿಯುತ್ತಾರೆ. ಸಹಿ ಹಾಕಿದರೆ ಅಣ್ಣನ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಬೇಕೆಂದೇ ಮೋಸ ಮಾಡಿದ ಅಂತ ದೂರು ಕೊಡುತ್ತಾರೆ.

ಇವರು ಮಧ್ಯಾಹ್ನವೇ ಮನೆಗೆ ಬಂದು, ಕಾಗದವನ್ನು ಮಂಚದ ಮೇಲಿಟ್ಟು, ಗೋಡೆ ಕಡೆ ಮುಖ ಮಾಡಿ ಮಲಗಿದರು. ತಂಗಿಗೆ ಹಾಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ.

"ನಾನು ಹಾಕಲ್ಲ" ಅಂದಳು ಪೀಪಿ.

ನಾನಾಗ ಏಳು ತಿಂಗಳ ಬಸುರಿ, ಕಂಕುಳಲ್ಲಿ ಇನ್ನೊಂದು ಮಗು. ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ.

"ನಿಮ್ಮಣ್ಣಂಗೆ ಟೇಪು ಬಿಟ್ಟು ಬೇರೆ ಏನು ಬರುತ್ತೆ ಹೇಳು?"

"ನಂಗೆ ಹಾಡು ಬಿಟ್ಟು ಏನು ಬರುತ್ತೆ ಅತ್ತಿಗೆ?"

"ನಿಂಗೆ ಕೈ ಇದೆ. ಹೊಲಿಗೆ ಹೇಳಿಕೊಡ್ತೀನಿ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿದಳು. ಹೊರಗೆ ಹೋಗಿ ಸಹಿ ಹಾಕಿದಳು. ಇವತ್ತಿಗೂ ಎಷ್ಟೋ ಸಲ ಅದೇ ಅಡುಗೆಮನೆಯಲ್ಲಿ ನಿಂತು ಬೇರೆ ಮಾತು ಆಡಿ ನೋಡುತ್ತೇನೆ.

ಹುಟ್ಟಿದವಳು ಹೆಣ್ಣು. ಹಗಲೆಲ್ಲ ಅಳುವ ಮಗು. ಒಂದು ಸಂಜೆ ಪೀಪಿ ತೊಟ್ಟಿಲು ತೂಗುತ್ತಾ ಮೆಲ್ಲಗೆ ಹಾಡಿದಳು. ಮಗು ಸುಮ್ಮನಾಯಿತು. ಅಷ್ಟರಲ್ಲಿ ರಸ್ತೆಯಲ್ಲಿ ಯಾರೋ ನಿಂತು, "ಯಾವ ಸ್ಟೇಷನ್ನು ಹಾಕಿದ್ದೀರಮ್ಮ?" ಅಂತ ಕಿಟಕಿಯಲ್ಲಿ ಕೇಳಿದರು. ನಾನು ಏನೋ ಒಂದು ಹೇಳಿ ಕಳಿಸಿ, ಕಿಟಕಿ ಹಾಕಿ, "ಬೇಡ ಪೀಪಿ, ಸುಮ್ನಿರು" ಅಂದೆ.

"ತೊಟ್ಟಿಲ ಹಾಡೂ ಕಾಗದದಲ್ಲಿ ಬರೆದಿದೆಯಾ?"

"ಬರೆದಿಲ್ಲ. ಆದ್ರೂ ಬೇಡ."

ಅವಳು ಬಾಯಿ ಮುಚ್ಚಿದ್ದು ಸಹಿ ಹಾಕಿದ ದಿನವಲ್ಲ, ಅವತ್ತು.

ಹೊಲಿಗೆ ಬೇಗ ಕಲಿತಳು. ನನಗಿಂತ ಚೊಕ್ಕಟ ಅವಳ ಕೈ. ಕೆಲಸ ಮಾಡುವಾಗ ಗುಂಡುಪಿನ್ನುಗಳನ್ನು ತುಟಿಯ ನಡುವೆ ಸಾಲಾಗಿ ಇಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡಳು. ಎಲ್ಲ ದರ್ಜಿಗಳೂ ಹಾಗೆ ಮಾಡುತ್ತಾರೆ. ಅವಳು ಗುಂಡಿ ಹೊಲಿಯುವಾಗಲೂ ಇಟ್ಟುಕೊಳ್ಳುತ್ತಿದ್ದಳು, ಅದಕ್ಕೆ ಪಿನ್ನು ಬೇಕಿಲ್ಲ. ಒಬ್ಬ ಹುಡುಗಿ ಅಳತೆಗೆ ನಿಂತಾಗ ಆ ಹಾಡು ಗುನುಗುತ್ತಾ, "ಆಂಟಿ, ಈ ಕೊನೆ ಚರಣ ಕೇಳೇ ನಾನು ಅವರನ್ನ ಒಪ್ಕೊಂಡಿದ್ದು" ಅಂದಳು. ಪೀಪಿ ಪಿನ್ನುಗಳ ಸಂದಿಯಲ್ಲೇ, "ಕೈ ಮೇಲೆತ್ತು" ಅಂದಳು.

ಮೇಡಂ ಮಾತ್ರ ಎಲ್ಲಿ ಹೋದರೂ ಆ ಹಾಡು ಹಾಡಲೇಬೇಕಿತ್ತು, ಅದೂ ರೆಕಾರ್ಡಿನಲ್ಲಿರುವ ಹಾಗೇ. ಒಮ್ಮೆ ಟಿವಿಯಲ್ಲಿ ಬಂದರು. ಕೊನೆಯ ಚರಣಕ್ಕೆ ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ ಕಷ್ಟಪಡುತ್ತಿದ್ದರು. "ಅಯ್ಯೋ ಪಾಪ, ನನ್ನ ಹಾಗೆ ಹಾಡೋಕೆ ಎಷ್ಟು ಒದ್ದಾಡ್ತಾರೆ ನೋಡು. ಹೋಗಿ ಟ್ರ್ಯಾಕ್ ಹಾಡಿ ಕೊಟ್ಟು ಬರ್ಲಾ ಅಣ್ಣ?" ಅಂದಳು ಪೀಪಿ. ಇವರು ಎದ್ದು ಹೊರಗೆ ಹೋದರು. ತಟ್ಟೆಯಲ್ಲಿ ಊಟ ಹಾಗೇ ಇತ್ತು.

ಇವರು ನಿವೃತ್ತರಾಗಿ ಆರು ವರ್ಷಕ್ಕೆ ತೀರಿಕೊಂಡರು. ಬೇಕೆಂದು ಮಾಡಲಿಲ್ಲ ಅಂತ ಕೊನೆಯವರೆಗೂ ಹೇಳಿದರು. ನಾನು ನಂಬಿದೆ. ಪೀಪಿ ನಂಬಿದಳೋ ಇಲ್ಲವೋ, ಅಣ್ಣನನ್ನು ಒಂದು ದಿನವೂ ಕೇಳಿ ನೋಯಿಸಲಿಲ್ಲ.

ಕಾಗದ ಬರೆದ ಮೂವತ್ತೆಂಟನೆಯ ವರ್ಷಕ್ಕೆ ಯಜಮಾನರ ಮಗನಿಂದ ಪತ್ರ ಬಂತು. ತಂದೆಯೂ ಇಲ್ಲ, ಮೇಡಂ ಕೂಡ ಹೋದರು, ಕಂಪನಿ ಮುಚ್ಚಿದ್ದಾಯಿತು, ಹಳೆಯ ಕರಾರಿಗೆ ಇನ್ನು ಬೆಲೆಯಿಲ್ಲ ಅಂತ ಬರೆದು, ಸಹಿ ಹಾಕಿದ ಕಾಗದವನ್ನೂ ಒಳಗಿಟ್ಟಿದ್ದ. ಆ ಕಾಗದ ಯಾಕೆ ಬರೆಸಿದ್ದು ಅಂತ ಅವನಿಗೂ ಗೊತ್ತಿರಲಿಲ್ಲ. ಒಳ್ಳೆಯ ಹುಡುಗ.

ಪೀಪಿ ಎರಡು ಸಲ ಓದಿದಳು. "ಹಂಗಾದ್ರೆ ಈಗ ಹಾಡಬಹುದು?"

"ಹಾಡು" ಅಂದೆ.

ಬಿಸಿನೀರು ಕುಡಿದು ಬಂದಳು. ಕೋಣೆಯ ಮಧ್ಯೆ ಕೈ ಕಟ್ಟಿ ನಿಂತಳು, ಸ್ಟುಡಿಯೋದಲ್ಲಿ ನಿಲ್ಲುತ್ತಿದ್ದ ಹಾಗೆ. ಕೊನೆಯ ಚರಣವನ್ನೇ ಎತ್ತಿಕೊಂಡಳು. ಮೊದಲ ಸಾಲಿನ ಅರ್ಧಕ್ಕೆ ದನಿ ಒಡೆಯಿತು. ಕೆಳಗಿಳಿಸಿ ಮತ್ತೆ ಶುರುಮಾಡಿದಳು. ಎಳೆಯುವ ಜಾಗದಲ್ಲಿ ಬರಿಯ ಗಾಳಿ ಬಂತು. ಮೂರನೆಯ ಸಲ ಹಾಡಲಿಲ್ಲ. ಪಾಠ ಒಪ್ಪಿಸುವ ಹಾಗೆ ಸಾಲುಗಳನ್ನು ಬಾಯಲ್ಲಿ ಹೇಳಿ ಮುಗಿಸಿದಳು.

ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು. ಬಹಳ ಹೊತ್ತು ಸೆರಗಿನ ತುದಿಯನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದಳು.

"ಅಣ್ಣನ ಮೇಲೆ ನಂಗೆ ಸಿಟ್ಟಿಲ್ಲ ಅತ್ತಿಗೆ. ಕಾಗದ ಬರೆಸಿಕೊಂಡೋರ ಮೇಲೂ ಇಲ್ಲ."

"ನನ್ನ ಮೇಲೆ?" ಅಂದೆ.

ಅವಳು ಎದ್ದು, "ಚಹಾ ಇಡ್ತೀನಿ, ನಿಂಗೂ ಬೇಕಾ?" ಅಂತ ಕೇಳಿದಳು.

ಬೇಕು ಅಂದೆ. ಅದಾದ ಮೇಲೆ ತೀರಿಕೊಳ್ಳುವವರೆಗೆ ಎರಡು ವರ್ಷ ಅವಳು ನನ್ನ ಜೊತೆಯಲ್ಲೇ ಇದ್ದಳು, ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ನಾನು ಇನ್ನೊಂದು ಸಲ ಕೇಳಲಿಲ್ಲ.