ಹೆಸರ ಹೇಳಿ ಒಳಗ ಬರ್ರಿ

ನಾನು ಯಾರನ್ನೂ ಸುಲಭಕ್ಕೆ ಕ್ಷಮಿಸುವವಳಲ್ಲ. ಅವ್ವ ಇದ್ದಾಗ ಇದೂ ಒಂದು ಬೇನೆ ಎನ್ನುತ್ತಿದ್ದಳು. ಹಾವಿನ ಹಗೆ ಹನ್ನೆರಡು ವರ್ಷ ಅನ್ನುತ್ತಾರಲ್ಲ, ನನ್ನದು ಅದಕ್ಕೂ ಮುಂಚೆಯೇ ಕೈಗೂಡಿತು, ಆದರೂ ಆರಲಿಲ್ಲ. ಕೆಟ್ಟ ಮನುಷ್ಯನೊಬ್ಬನ ಮೇಲಿನ ಹಗೆಯಾಗಿದ್ದರೆ ಬರೆಯುವ ಅಗತ್ಯವೇ ಇರಲಿಲ್ಲ. ಊರೆಲ್ಲ ಒಳ್ಳೆಯವರು ಎನ್ನುತ್ತಿದ್ದವರ ಮೇಲಿನ ಹಗೆ ಇದು.

ಅವರು ಕೆಂಪು ಬಾವುಟದ ಪಕ್ಷದ ಮುಖಂಡರು. ರಾಮದುರ್ಗದ ನಮ್ಮ ಓಣಿಯಲ್ಲಿ ನೇಕಾರರ ಸಂಘ ಕಟ್ಟಿದವರು. ಎಲ್ಲರೂ ಕಾಮ್ರೇಡರು ಎಂದೇ ಕರೆಯುತ್ತಿದ್ದರು. ಮಾಸಿದ ಜುಬ್ಬ, ಹೆಗಲಿಗೊಂದು ಬಟ್ಟೆಯ ಚೀಲ, ಎಲ್ಲಿಗೆ ಹೋದರೂ ಕೆಂಪು ಬಸ್ಸು. ಒಬ್ಬರ ಹತ್ತಿರ ಒಂದು ಪೈಸೆ ಮುಟ್ಟಿದವರಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಅವರು ಎಲ್ಲಕ್ಕಿಂತ ಹೆಚ್ಚು ಹೆಸರು ಮಾಡಿದ್ದು ನೆನಪಿನ ಶಕ್ತಿಯಿಂದ. ಬೈಲಹೊಂಗಲದ ಸಂತೆಯಲ್ಲಿ, ಸವದತ್ತಿಯ ಬಸ್ ನಿಲ್ದಾಣದಲ್ಲಿ, ಯಾವ ನೇಕಾರ ಎದುರಾದರೂ ಹೆಸರು ಹಿಡಿದು ಕರೆದು, ಅವನ ಅಪ್ಪನ ಹೆಸರನ್ನೂ ಸೇರಿಸಿ ಮಾತಾಡಿಸುತ್ತಿದ್ದರು. ಬಡವನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ? ಗಂಡಸರು ಅಷ್ಟಕ್ಕೇ ಜೀವ ಕೊಡುತ್ತಿದ್ದರು.

ಹೆಣ್ಣು ಗಂಡು ಸಮ ಎಂಬ ಭಾಷಣವನ್ನೂ ಚೆನ್ನಾಗಿ ಮಾಡುತ್ತಿದ್ದರು. ಕಿತ್ತೂರಿನಲ್ಲಿ ಮಾತಾಡಿದರಂತೂ ರಾಣಿಯ ಹೆಸರು ಎತ್ತದೆ ಕೆಳಗಿಳಿಯುತ್ತಿರಲಿಲ್ಲ. ಆ ಒಬ್ಬ ಹೆಣ್ಣುಮಗಳ ಹೆಸರು ಅವರಿಗೆ ಬಾಯಿಪಾಠವಾಗಿತ್ತು.

ನಮ್ಮಪ್ಪನಿಗೆ ಗಂಡುಮಕ್ಕಳಿಲ್ಲ. ಅಕ್ಕ, ನಾನು, ಇಬ್ಬರೇ. ನಡುಮನೆಯಲ್ಲಿ ಕುಣಿ ಮಗ್ಗ ಇತ್ತು. ನೆಲದಲ್ಲಿ ಸೊಂಟದಾಳದ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಅಪ್ಪ ಅಕ್ಕನಿಗೆ ಹನ್ನೆರಡನೇ ವಯಸ್ಸಿಗೇ ನೇಯುವುದನ್ನು ಕಲಿಸಿದ್ದ. ಅಕ್ಕ ನೇಯ್ದ ಸೀರೆಯ ಅಂಚು ನೋಡಿ, ಇದು ಗಂಡಸಿನ ಕೈ ಎಂದು ವ್ಯಾಪಾರಿಗಳು ಹೊಗಳುತ್ತಿದ್ದರು. ಅಪ್ಪ ಕಣ್ಣು ಮುಚ್ಚುವ ಮುಂಚೆ ಓಣಿಯ ಹಿರಿಯರನ್ನು ಕರೆಸಿ, ಮಗ್ಗ ದೊಡ್ಡಾಕಿಗೆ ಎಂದು ಹೇಳಿಯೇ ಹೋದ. ಆಮೇಲೆ ಅವ್ವ ಸವದತ್ತಿ ಕಡೆಯ ಹುಡುಗನೊಬ್ಬನನ್ನು ಮನೆ ಅಳಿಯನಾಗಿ ತಂದಳು.

ಆ ವರ್ಷವೇ, ಅಂದರೆ ತೊಂಬತ್ತರ ದಶಕದ ನಡುವಿನಲ್ಲಿ, ಮಗ್ಗ ಇದ್ದವರ ಪಟ್ಟಿ ಮಾಡಲು ಕಾಮ್ರೇಡರು ಮನೆಮನೆಗೆ ಬಂದರು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಸಂಘದ ಕಾರ್ಡು, ಕಾರ್ಡು ಇದ್ದವರಿಗೆ ನೂಲು. ಅಳಿಯ ಊರಿಗೆ ಹೊಸಬ, ಅವರಿಗಿನ್ನೂ ಪರಿಚಯವಿರಲಿಲ್ಲ. ಅವನು ಆ ಹೊತ್ತಿಗೆ ಮನೆಯಲ್ಲೂ ಇರಲಿಲ್ಲ. ಅಕ್ಕ ಬಾಗಿಲ ಮರೆಯಲ್ಲಿ ನಿಂತು, ಮಗ್ಗ ನಮ್ಮದರಿ ಎಂದಳು. ಹಾಗಾದರೆ ಮನೆಯವರ ಹೆಸರು ಹೇಳಿ, ಬರೆದುಕೊಳ್ಳುತ್ತೇನೆ ಎಂದರು. ಅಕ್ಕ ಸುಮ್ಮನಾದಳು.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಹೇಳಲು ಇರುವುದು ಒಂದೇ ದಾರಿ, ಒಡಪು. ಮದುವೆಯಾಗಿ ಗಂಡ ಹೆಂಡತಿ ಮನೆಗೆ ಬಂದಾಗ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳಿ ಒಳಗೆ ಬನ್ನಿ ಎಂದು ಕಾಡುತ್ತಾರೆ. ಆಗ ಎರಡು ಸಾಲಿನ ಪದ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅಕ್ಕ ಮದುವೆಯ ದಿನ ಹಾಗೊಮ್ಮೆ ಹೇಳಿದ್ದಳು, ಮುಗಿಯಿತು. ಸಂಘದ ರಿಜಿಸ್ಟರಿಗೆ ಒಡಪು ಕಟ್ಟಲು ಬರುತ್ತದೆಯೇ?

ನಾನಾಗ ಹೈಸ್ಕೂಲಿನ ಹುಡುಗಿ. ಜಿಗಿದು ಮುಂದೆ ಬಂದು ಅಕ್ಕನ ಗಂಡನ, ಅಂದರೆ ನಮ್ಮ ಮಾವನ ಹೆಸರನ್ನು, ಅಡ್ಡಹೆಸರಿನ ಸಮೇತ, ಶಾಲೆಯಲ್ಲಿ ಹಾಜರಿ ಕೂಗಿದಂತೆ ಸ್ಪಷ್ಟವಾಗಿ ಹೇಳಿದೆ. ಕಾಮ್ರೇಡರು ಶಾಣ್ಯಾಕಿ ಅದಿ ಎಂದು ಮೆಚ್ಚಿ, ಮಗ್ಗದ ಮಾಲೀಕ ಎಂಬಲ್ಲಿ ಆ ಹೆಸರು ಬರೆದುಕೊಂಡರು. ಬರೆಯಬೇಕಾದದ್ದು ಯಾರ ಹೆಸರು ಎಂದು ಅವರು ಕೇಳಲಿಲ್ಲ, ಅಕ್ಕನಿಗೆ ಹೊಳೆಯಲಿಲ್ಲ. ನನಗಂತೂ ಆ ದಿನವೆಲ್ಲ ಹೆಮ್ಮೆಯೋ ಹೆಮ್ಮೆ. ಇವತ್ತಿಗೂ ಅದು ನೆನಪಾದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮಾವ ಸಂಘದಲ್ಲಿ ಬೆಳೆದ. ಮೆರವಣಿಗೆಯಲ್ಲಿ ಮುಂದೆ ಬಾವುಟ ಹಿಡಿಯುವವನು ಅವನೇ, ಕಾಮ್ರೇಡರ ಬಲಗೈ ಅವನೇ. ಎರಡು ವರ್ಷ ಕಳೆಯುವಷ್ಟರಲ್ಲಿ ಇನ್ನೊಬ್ಬಳನ್ನು ಕರೆತಂದು ಬೇರೆ ಓಣಿಯಲ್ಲಿ ಮನೆ ಹೂಡಿದ. ಹೋದರೆ ಹೋಗಲಿ ಎಂದುಕೊಳ್ಳಬಹುದಿತ್ತು. ಆದರೆ ಒಂದು ಮಧ್ಯಾಹ್ನ ನಾಲ್ಕು ಜನರೊಂದಿಗೆ ಬಂದು ಅಪ್ಪನ ಮಗ್ಗ ಬಿಚ್ಚಿ, ಚಕ್ಕಡಿಗೆ ಹೇರಿಕೊಂಡು ಹೋದ. ಹೊತ್ತುಕೊಂಡು ಹೋಗಲಾಗದ್ದು ಕುಣಿಯೊಂದೇ, ಅದಷ್ಟು ನಮಗುಳಿಯಿತು.

ಅವ್ವ, ಅಕ್ಕ, ನಾನು ಸಂಘದ ಆಫೀಸಿಗೆ ಹೋದೆವು. ಕಾಮ್ರೇಡರು ಎದ್ದು ನಿಂತು ಬರಮಾಡಿಕೊಂಡರು, ಚಹಾ ತರಿಸಿದರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಮುಷ್ಟಿ ಎತ್ತಿದ ಹೆಂಗಸಿನ ಚಿತ್ರ ಇತ್ತು. ಅಕ್ಕ ಹೆಚ್ಚೇನೂ ಹೇಳಲಿಲ್ಲ. ಮಗ್ಗ ನಮ್ಮಪ್ಪ ನನಗೆ ಕೊಟ್ಟದ್ದು, ಓಣಿಗೆಲ್ಲ ಗೊತ್ತು ಎಂದಳು.

“ನನಗೂ ಗೊತ್ತೈತಿ ತಂಗಿ,” ಎಂದರು ಕಾಮ್ರೇಡರು. ದನಿ ಮೆತ್ತಗಿತ್ತು. “ಆದ್ರ ಪಟ್ಟಿಯೊಳಗ ಅಂವನ ಹೆಸರೈತಿ. ಹಿಂಗ ಮನಿಯೊಳಗಿನ ಜಗಳಾ ಇಲ್ಲಿಗೆ ತಂದ್ರ ಸಂಘ ಒಡೀತದ. ಮೊದಲ ಕೂಲಿ ಪ್ರಶ್ನೆ ಬಗಿಹರೀಲಿ, ಹೆಣ್ಮಕ್ಕಳ ಪ್ರಶ್ನೆ ತಾನ ಬಗಿಹರೀತದ.”

ಗೊತ್ತಿಲ್ಲ ಎಂದಿದ್ದರೆ ನಾನು ಇಷ್ಟು ವರ್ಷ ಕುದಿಯುತ್ತಿರಲಿಲ್ಲ. ಗೊತ್ತಿತ್ತು. ಗೊತ್ತಿದ್ದೂ ಬಲಗೈ ಕಳೆದುಕೊಳ್ಳಲು ಮನಸ್ಸಿರಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಅವ್ವ ದಾರಿಯುದ್ದಕ್ಕೂ ಗೊಣಗಿದಳು. ಅಕ್ಕ ಮರುದಿನದಿಂದ ಬೇರೆಯವರ ಮಗ್ಗಕ್ಕೆ ಕಂಡಿಕೆ ಸುತ್ತಲು ಕೂತಳು. ಸೀರೆ ನೇಯುತ್ತಿದ್ದ ಕೈ ರಾಟಿ ತಿರುಗಿಸಿ ಬೇರೆಯವರ ಲಾಳಿಗೆ ನೂಲು ತುಂಬತೊಡಗಿತು. ಓಣಿಯ ಹೆಂಗಸರೆಲ್ಲ ಮಾಡುತ್ತಿದ್ದ ಕೆಲಸ ಅದು. ಅವರು ಯಾರೂ ಸಂಘದ ಪಟ್ಟಿಯಲ್ಲಿರಲಿಲ್ಲ.

ಕುಣಿ ಮುಚ್ಚಿಬಿಡೋಣ, ಯಾರಾದರೂ ಬಿದ್ದಾರು ಎಂದು ಅವ್ವ ಹೇಳುತ್ತಿದ್ದಳು. ನಾನು ಬಿಡಲಿಲ್ಲ. ಮೇಲೆ ಹಲಗೆ ಹಾಕಿ ಹಾಗೇ ಇಟ್ಟೆ. ಕಾಮ್ರೇಡರು ಒಂದು ದಿನ ಬಂದು ಅದನ್ನು ಕಣ್ಣಾರೆ ನೋಡಬೇಕು ಎಂಬುದು ನನ್ನ ಹಟ. ಅಕ್ಕ ಹಲಗೆಯ ಪಕ್ಕದಲ್ಲೇ ರಾಟಿ ಇಟ್ಟುಕೊಂಡು ಕೂರುತ್ತಿದ್ದಳು.

ನಾನು ಓದಿ ಸಾಲಹಳ್ಳಿಯ ಶಾಲೆಯಲ್ಲಿ ಮಾಸ್ತರಿಣಿಯಾದೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅವ್ವ ತೀರಿಕೊಂಡಳು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು, ಚುನಾವಣೆ ಬಂತು, ಕಾಮ್ರೇಡರು ವಿಧಾನಸಭೆಗೆ ನಿಂತರು. ಈ ಸಲ ಗೆದ್ದೇ ಗೆಲ್ಲುತ್ತಾರೆ ಎಂದು ಎಲ್ಲೆಲ್ಲೂ ಮಾತು. ನನ್ನ ಹೊಟ್ಟೆಯೊಳಗಿನ ಕೆಂಡದ ಮೇಲಿನ ಬೂದಿ ಹಾರಿತು.

ನಮ್ಮ ಓಣಿಯ ಕೊನೆಯಲ್ಲಿ ನೂಲಿಗೆ ಬಣ್ಣ ಹಾಕುವ ಮುಸ್ಲಿಂ ಮನೆಯ ಅಜ್ಜಿಯೊಬ್ಬಳಿದ್ದಳು. ನಾವೆಲ್ಲ ನಾನಿ ಎನ್ನುತ್ತಿದ್ದೆವು. ಮೊಣಕೈವರೆಗೆ ಕೆಂಪು ಬಣ್ಣ, ಬಾಯಿ ತುಂಬ ಎಲೆಯಡಿಕೆ. ನಾನು ಹೋಗಿ ಆಕೆಯ ಕಿವಿಯಲ್ಲಿ ಒಂದು ವಿಚಾರ ಹಾಕಿದೆ. ಆಕೆ ನಕ್ಕು ನಕ್ಕು ಎಲೆ ಉಗುಳಿ ಬಂದಳು. ಆಮೇಲೆ ಕಂಡಿಕೆ ಸುತ್ತುವ ಹೆಂಗಸರಿಗೆಲ್ಲ ಹೇಳಿದೆವು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಆರತಿ ಮಾಡುತ್ತಾರೆ, ಅವಲಕ್ಕಿ ತಿಂದು ಹೋಗಬೇಕು ಎಂದು ಕಾಮ್ರೇಡರಿಗೂ ಹೇಳಿ ಕಳಿಸಿದೆ. ದೇವರು ದಿಂಡರು ಬೇಡವೆನ್ನುವವರು ಚುನಾವಣೆ ಬಂದಾಗ ಮಾತ್ರ ಆರತಿಗೆ ಹಣೆ ಒಡ್ಡುತ್ತಿದ್ದರು.

ಬೆಳಗ್ಗೆ ಹತ್ತರ ಸುಮಾರಿಗೆ ಹಲಗೆ ವಾದ್ಯ ಬಾರಿಸುವವನನ್ನು ಮುಂದಿಟ್ಟುಕೊಂಡು ಕಾಮ್ರೇಡರು ಬಂದರು. ಹಿಂದೆ ಓಣಿಯ ಗಂಡಸರೆಲ್ಲ, ಅವರ ನಡುವೆ ಬಾವುಟ ಹಿಡಿದ ನಮ್ಮ ಮಾವ. ನಮ್ಮ ಬಾಗಿಲಿಗೆ ಅಡ್ಡವಾಗಿ ನಾನಿ ಕೆಂಪು ನೂಲಿನ ಲಡಿಯೊಂದನ್ನು ಬಿಗಿದು ಕಟ್ಟಿದ್ದಳು. ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ, ಮೂವತ್ತು ಹೆಂಗಸರು. ಕಾಮ್ರೇಡರು ಲಡಿ ನೋಡಿ ನಕ್ಕರು. ಇದೇನು ನನಗೆ ಮತ್ತೊಂದು ಮದುವೆಯೇ, ಹೆಂಡತಿಯ ಹೆಸರು ಹೇಳಬೇಕೇ ಎಂದು ತಮಾಷೆ ಮಾಡಿದರು. ಗಂಡಸರೂ ನಕ್ಕರು.

“ನಿಮ್ಮ ಹೆಂಡ್ತಿ ಹೆಸರ ಬ್ಯಾಡ್ರಿ,” ಎಂದಳು ನಾನಿ. “ಇಲ್ಲಿ ನಿಂತಾವ್ರೆಲ್ಲಾ ನಿಮಗ ಇಪ್ಪತ್ತ ವರ್ಷ ರೊಟ್ಟಿ ಹಾಕ್ಯಾರ. ಇವರೊಳಗ ಒಬ್ಬಾಕಿ ಹೆಸರ ಹೇಳಿ ಒಳಗ ಬರ್ರಿ. ಒಂದ ಹೆಸರ ಸಾಕು.”

ಅವರು ಈಗಲೂ ನಗುತ್ತಲೇ ಮುಖಗಳನ್ನು ನೋಡತೊಡಗಿದರು. ಮೊದಲನೆಯವಳನ್ನು ನೋಡಿ ಅವಳ ಗಂಡನ ಹೆಸರು ಹೇಳಿ, ಅವರ ಮನೆಯವರಲ್ಲವೇ ಎಂದರು. ಅದು ಅಂವನ ಹೆಸರಾತು, ಆಕೀದು ಹೇಳ್ರಿ ಎಂದಳು ನಾನಿ. ಎರಡನೆಯವಳನ್ನು ನೋಡಿ ಅವಳ ಮಗನ ಹೆಸರು ಹೇಳಿದರು. ಮೂರನೆಯವಳಿಗೆ ಅವಳ ಮಾವನ ಹೆಸರು. ನಾಲ್ಕನೆಯವಳ ಹತ್ತಿರ ಬರುವಾಗ ನಗು ಹೋಗಿತ್ತು. ಹಿಂದಿನಿಂದ ಯಾರೋ ಪಿಸುಗುಟ್ಟಿ ಹೇಳಿಕೊಡಲು ನೋಡಿದ. ಹೆಂಗಸರೆಲ್ಲ ಹೋ ಎಂದು ಅವನ ಬಾಯಿ ಮುಚ್ಚಿಸಿದರು. ಬೈಲಹೊಂಗಲದ ಸಂತೆಯಲ್ಲಿ ಸಾವಿರ ಗಂಡಸರ ಹೆಸರು ಹಿಡಿದು ಕರೆಯುವ ಮನುಷ್ಯ ನಮ್ಮ ಮೆಟ್ಟಿಲ ಕೆಳಗೆ ಬೆವರು ಒರೆಸಿಕೊಂಡರು. ಸುಳ್ಳೇಕೆ ಹೇಳಲಿ, ನನಗೆ ಹಬ್ಬದೂಟ ಉಂಡಷ್ಟು ಖುಷಿಯಾಯಿತು.

ಆಮೇಲೆ ಪ್ರಶ್ನೆಗಳು ಶುರುವಾದವು. ಕಂಡಿಕೆ ಸುತ್ತುವುದು ಕೆಲಸವಲ್ಲವೇ, ನಮ್ಮ ಹೆಸರು ಸಂಘದಲ್ಲಿ ಯಾಕಿಲ್ಲ ಎಂದು ಒಬ್ಬಳು ಕೇಳಿದಳು. ಗಂಡ ಹೊಡೆದನೆಂದು ಆಫೀಸಿಗೆ ಬಂದರೆ ಮನೆಯ ಮಾತು ಮನೆಯಲ್ಲಿರಲಿ ಎಂದಿರಲ್ಲ, ಮಾಲೀಕ ಹೊಡೆದಿದ್ದರೂ ಹಾಗೇ ಅನ್ನುತ್ತಿದ್ದಿರಾ ಎಂದು ಇನ್ನೊಬ್ಬಳು. ಮೊದಲು ಕೂಲಿ ಪ್ರಶ್ನೆ ಎಂದು ಅವರು ಆರಂಭಿಸಿದ್ದೇ ತಡ, ಅದನ್ನು ಕೇಳಿ ಕೇಳಿ ನಮ್ಮ ಕೂದಲು ಹಣ್ಣಾದವು ಎಂದು ನಾನಿ ತಡೆದಳು. ಇದು ಚುನಾವಣೆಯ ಸಮಯ, ವಿರೋಧಿಗಳ ಕೈಗೆ ಕೋಲು ಕೊಡಬೇಡಿ ಎಂದು ಅವರು ನನ್ನನ್ನು ನೋಡಿ ಹೇಳಿದರು. ಆ ಶಾಣ್ಯಾ ಹುಡುಗಿ ನಾನೇ ಎಂಬುದು ಅವರಿಗೆ ನೆನಪಿರಲಿಲ್ಲ.

ನಾನು ಕಟ್ಟಿದ್ದ ಆಟ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಒಳಗಿನಿಂದ ಅಕ್ಕ ಬಂದಳು. ಕೈಯಲ್ಲಿ ನೂಲಿನ ಎಳೆ ಹಾಗೇ ಇತ್ತು. ಲಡಿಯ ಈಚೆ ನಿಂತು, ಬಾವುಟ ಹಿಡಿದವನ ಕಡೆ ನೋಡಿ, ಅವನ ಹೆಸರು ಹೇಳಿದಳು. ಒಡಪಿಲ್ಲ, ಪದವಿಲ್ಲ, ಬರೀ ಹೆಸರು, ಅಡ್ಡಹೆಸರಿನ ಸಮೇತ. ಹೆಂಗಸರು ಸೆರಗು ಬಾಯಿಗೆ ಹಿಡಿದರು. ಹಲಗೆ ಬಾರಿಸುವವನು ಎರಡು ಹೆಜ್ಜೆ ಹಿಂದೆ ಸರಿದ.

“ಈ ಹೆಸರ ಬರಕೊಂಡ್ರಿ,” ಎಂದಳು ಕಾಮ್ರೇಡರಿಗೆ. “ನನ್ನ ಹೆಸರ ನೀವು ಕೇಳಲಿಲ್ಲ.” ಆಮೇಲೆ ತನ್ನ ಹೆಸರು ಹೇಳಿದಳು, ಅಪ್ಪನ ಹೆಸರು ಹೇಳಿದಳು. ಕೈಯಿಂದಲೇ ಲಡಿ ಬಿಚ್ಚಿದಳು. “ಈಗ ಗೊತ್ತಾತಲ್ಲ. ಒಳಗ ಬರ್ರಿ. ಅವಲಕ್ಕಿ ತಿನ್ರಿ. ನಮ್ಮಪ್ಪನ ಮಗ್ಗದ ಕುಣಿ ಐತಿ, ನೋಡ್ಕೊಂಡ ಹೋಗ್ರಿ.”

ಬಾಗಿಲು ತೆರೆದಿತ್ತು. ನಾಲ್ಕು ಹೆಜ್ಜೆ ಇಟ್ಟರೆ ನಡುಮನೆ. ಅವರು ಗಡಿಯಾರ ನೋಡಿಕೊಂಡು, ಮುಂದಿನ ಸಭೆಗೆ ಹೊತ್ತಾಯಿತು, ಇನ್ನೊಮ್ಮೆ ಬರುತ್ತೇನೆ ಎಂದು ತಿರುಗಿದರು. ಮಾವ ಬಾವುಟವನ್ನು ಮುಖಕ್ಕೆ ಮರೆಮಾಡಿಕೊಂಡು ಅವರ ಹಿಂದೆ ಹೋದ. ಅವಲಕ್ಕಿಯನ್ನು ನಾವೇ ಹಂಚಿಕೊಂಡು ತಿಂದೆವು.

ಬಾಗಿಲಿನ ಸುದ್ದಿ ಅವರ ಬಸ್ಸಿಗಿಂತ ಮುಂಚೆ ಊರೂರು ಮುಟ್ಟಿತು. ಸಾಲಹಳ್ಳಿಯ ಹೆಂಗಸರೂ ಅವರನ್ನು ಹೆಸರು ಕೇಳಿದರಂತೆ. ಅವರು ಸೋತರು. ನಮ್ಮಿಂದಲೇ ಸೋತರು ಎಂದು ಗಂಡಸರು ಎಷ್ಟೋ ದಿನ ಬೈದರು, ಹೆಂಗಸರ ಮಾತಿಗೆ ಒಳ್ಳೆಯ ಮನುಷ್ಯನನ್ನು ಕೆಡವಿದಿರಿ ಎಂದರು. ಗೆದ್ದವನು ನಮಗೇನು ಮಾಡಿದ ಎಂದರೆ ಏನೂ ಮಾಡಲಿಲ್ಲ, ಅದೂ ನಿಜ. ಮಗ್ಗವೂ ಬರಲಿಲ್ಲ. ಮಾವ ಅದನ್ನು ಎಂದೋ ಹಳೇ ಕಟ್ಟಿಗೆಯೆಂದು ಮಾರಿದ್ದನಂತೆ. ಆದರೂ ನನಗೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ.

ಮರುವಾರ ನಾನು ಶಾಲೆ ಮುಗಿಸಿ ಬಂದಾಗ ಅಕ್ಕ ಮಣ್ಣು ತರಿಸಿ ಕುಣಿ ಮುಚ್ಚಿಸಿದ್ದಳು. ಮೇಲೆ ಸಗಣಿ ಸಾರಿಸಿಯೂ ಆಗಿತ್ತು. ನಾನು ಸಿಟ್ಟಿಗೆದ್ದೆ, ನನ್ನನ್ನು ಒಂದು ಮಾತು ಕೇಳಬೇಕಿತ್ತು ಎಂದೆ. ನೋಡಬೇಕಾದವರು ನೋಡಲಿಲ್ಲ, ಇನ್ನು ಯಾರಿಗೆಂದು ತೆರೆದಿಡಲಿ ಎಂದಳು. ರಾಟಿಯನ್ನು ಆ ಹೊಸ ನೆಲದ ಮೇಲೆಯೇ ಇಟ್ಟು ಕೂತಳು. ಅಕ್ಕನದು ಅಲ್ಲಿಗೆ ಮುಗಿಯಿತು. ನನ್ನದು ಮುಗಿಯಲಿಲ್ಲ.

ನಾಲ್ಕೈದು ವರ್ಷಗಳ ನಂತರ ರಾಮದುರ್ಗದ ಬಸ್ ನಿಲ್ದಾಣದಲ್ಲಿ ಸಾಲಹಳ್ಳಿಯ ಬಸ್ಸಿಗೆ ಕಾಯುತ್ತಿದ್ದೆ. ಅದೇ ಜುಬ್ಬ, ಅದೇ ಚೀಲ, ಕೈಯಲ್ಲೊಂದು ಕೋಲು. ನನ್ನ ಮುಂದೆ ಬಂದು ನಿಂತು, ಅಕ್ಕನ ಹೆಸರು ಹಿಡಿದು, ಅಪ್ಪನ ಹೆಸರನ್ನೂ ಸೇರಿಸಿ, ಆರಾಮ ಅದಾರೇನ್ರಿ ಎಂದು ಕೇಳಿದರು. ಕಲಿತಿದ್ದರು. ಅಷ್ಟು ವರ್ಷ ಬಾಯಲ್ಲಿಟ್ಟುಕೊಂಡು ತಿರುಗಿದಂತೆ ಹೆಸರು ಸರಿಯಾಗಿ ಬಂತು. ನಾನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದೆ.

“ತಾವು ಯಾರ್ರಿ?” ಎಂದೆ. “ಗುರುತ ಸಿಗವಲ್ದು.”

ಅವರು ಕೋಲು ನೆಲಕ್ಕೂರಿ ನೆಟ್ಟಗೆ ನಿಂತರು. ಆಮೇಲೆ, ರಿಜಿಸ್ಟರಿಗೆ ಬರೆಸುವವರಂತೆ, ತಮ್ಮ ಪೂರ್ತಿ ಹೆಸರು ಹೇಳಿದರು.

“ಬರಕೊಳ್ಳಾಕ ಪೆನ್ ಇಲ್ರಿ,” ಎಂದೆ.

ಬಸ್ಸು ಬಂತು, ಹತ್ತಿದೆ. ಮಕ್ಕಳ ಪರೀಕ್ಷೆಯ ದಿನಗಳು ಅವು. ನನ್ನ ಚೀಲದಲ್ಲಿ ಮೂರು ಪೆನ್ನುಗಳಿದ್ದವು.